ಎಲೆಮರೆಯ ಆಟಗಾರರ ಪಟ್ಟಿ ಮಾಡುವ ಬಗೆ: ಬಳ್ಳಾರಿಯ ಬಿಎಫ್‌ಸಿ ಅಭಿಮಾನಿಗಳಿಗೊಂದು ಕೈಪಿಡಿ

ಬಳ್ಳಾರಿಯಿಂದ ಬೆಂಗಳೂರಿನ ಕಂಠೀರವ ಕ್ರೀಡಾಂಗಣಕ್ಕೆ ಸುಮಾರು 300 ಕಿಲೋಮೀಟರ್ ದೂರವಿದೆ. ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡದ ಬಗ್ಗೆ ಇಲ್ಲಿನ ಅಭಿಮಾನಿಗಳಿಗಿರುವ ನೆನಪನ್ನು ಬಹುಮಟ್ಟಿಗೆ ರೂಪಿಸಿರುವುದು ಈ ದೂರವೇ. ಹಂಪಿ ಎಕ್ಸ್‌ಪ್ರೆಸ್ ಹಿಡಿದು ರಾತ್ರಿಯಿಡೀ ಪ್ರಯಾಣ ಮಾಡಿ ಪಂದ್ಯ ನೋಡಿ ಬಂದವರು ಕೆಲವರು ಮಾತ್ರ. ಉಳಿದವರೆಲ್ಲ ಟಿವಿಯಲ್ಲಿ, ಈಚೆಗೆ ಮೊಬೈಲ್ ಪರದೆಯಲ್ಲಿ, ಅದೂ ಎಷ್ಟೋ ಸಲ ಐದು ನಿಮಿಷದ ಮುಖ್ಯಾಂಶಗಳಲ್ಲಿ ಆಟ ಕಂಡವರು. ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆ ಓಡುತ್ತದೆ. ಹೀಗಾಗಿ ‘ಸಲ್ಲಬೇಕಾದ ಮೆಚ್ಚುಗೆ ಸಿಗದ ಹಳೆಯ ಆಟಗಾರರು ಯಾರು?’ ಎಂದು ಕೇಳಿದರೆ ನಾವು ಬರೆದುಕೊಡುವುದು ಹೆಚ್ಚಾಗಿ ಗೋಲು ಹೊಡೆದವರ ಎರಡನೆಯ ಪಟ್ಟಿಯನ್ನೇ. ನಿಜವಾದ ಪಟ್ಟಿಯೊಂದನ್ನು ಮಾಡಬೇಕೆಂದಿರುವ ಗೆಳೆಯರ ಬಳಗಗಳಿಗಾಗಿ ಅನುಸರಿಸಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಯಾರನ್ನು ಹೊರಗಿಡಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಸುನಿಲ್ ಚೆಟ್ರಿಯವರ ಹೆಸರು ಚರ್ಚೆಗೇ ಬರುವುದಿಲ್ಲ. ಯೂಜಿನ್‌ಸನ್ ಲಿಂಗ್ಡೋ ಅವರನ್ನು ಸೇರಿಸಬೇಕೆಂದು ಯಾರಾದರೂ ಹಟ ಹಿಡಿಯುವುದು ಖಂಡಿತ; ಆದರೆ 2015ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ವರ್ಷದ ಆಟಗಾರ ಪ್ರಶಸ್ತಿ ನೀಡಿ ಗೌರವಿಸಿದವರನ್ನು ಕಡೆಗಣಿಸಲ್ಪಟ್ಟವರು ಎನ್ನುವುದು ಕಷ್ಟ. ಅಭಿಮಾನಿಗಳ ಪ್ರೀತಿ ಬೇರೆ, ಸಲ್ಲಬೇಕಾದ ಮನ್ನಣೆ ಸಿಗದಿರುವುದು ಬೇರೆ. ಮೊದಲನೆಯದಕ್ಕೆ ಉತ್ತಮ ಉದಾಹರಣೆ ಇಂಗ್ಲೆಂಡಿನ ಡಿಫೆಂಡರ್ ಜಾನ್ ಜಾನ್ಸನ್. 2013ರಲ್ಲಿ ಕ್ಲಬ್‌ನೊಂದಿಗೇ ಬಂದು ಐದು ಋತು ಆಡಿದ ಅವರ ಹೆಸರನ್ನು ಕಟ್ಟಾ ಅಭಿಮಾನಿಗಳು ಕೂರುವ ಪಶ್ಚಿಮ ಗ್ಯಾಲರಿ ಎಂದೂ ಮರೆತದ್ದಿಲ್ಲ. 2015ರ ಮೇ 31ರಂದು ಮೋಹನ್ ಬಾಗನ್ ವಿರುದ್ಧದ ಕೊನೆಯ ಪಂದ್ಯದಲ್ಲಿ ಅವರ ಗೋಲಿನಿಂದ ಆಗಿನ ದೇಶದ ಅಗ್ರ ಲೀಗ್ ಆದ ಐ-ಲೀಗ್‌ನ ಪ್ರಶಸ್ತಿ ಕೈಗೆ ಬಂತೆನ್ನುವಾಗಲೇ ಬಾಗನ್ ತಂಡದ ಬೆಲ್ಲೋ ರಜಾಕ್ ಹೆಡರ್ ಮೂಲಕ ಸಮಬಲ ಸಾಧಿಸಿದ ಸಂಕಟವನ್ನು ಕಂಡವರಿಗೆ ಜಾನ್ಸನ್ ಮನೆಯವರಷ್ಟೇ ಹತ್ತಿರ. ಅಷ್ಟು ಮನ್ನಣೆ ಪಡೆದವರಿಗೆ ಈ ಪಟ್ಟಿಯ ಅಗತ್ಯವಿಲ್ಲ. ಅವರ ಪಕ್ಕದಲ್ಲಿ ನಿಂತು ಅದೇ ರಕ್ಷಣಾ ಸಾಲನ್ನು ಕಾಯ್ದ ಕೀನ್ಯಾದ ಕರ್ಟಿಸ್ ಒಸಾನೊ ಅವರ ಹೆಸರು ಎಷ್ಟು ಜನರ ಬಾಯಲ್ಲಿ ತಾನಾಗಿ ಬರುತ್ತದೆ ಎಂದು ಕೇಳಿ ನೋಡಿದರೆ ನಾವು ಹುಡುಕುತ್ತಿರುವುದು ಏನೆಂಬುದು ಸ್ಪಷ್ಟವಾಗುತ್ತದೆ.

‘ಮಾಜಿ’ ಎಂದರೆ ಯಾರು ಎಂಬುದಕ್ಕೂ ಒಂದು ನಿಯಮ ಬೇಕು. ಡಿಫೆಂಡರ್ ರಾಹುಲ್ ಭೇಕೆ ಕ್ಲಬ್ ಬಿಟ್ಟು ಹೋಗಿ 2024ರಲ್ಲಿ ಮರಳಿ ಬಂದರು. ರಿನೊ ಆಂಟೊ ಕೂಡ ನಡುವೆ ಕೇರಳ ಬ್ಲಾಸ್ಟರ್ಸ್‌ಗೆ ಹೋಗಿ ಹಿಂದಿರುಗಿದ್ದರು. ಮರಳಿ ಬಂದವರ ಲೆಕ್ಕವನ್ನು ಅವರು ಅಂತಿಮವಾಗಿ ತಂಡ ತೊರೆದ ಮೇಲೆಯೇ ಹಾಕಬೇಕು ಎಂಬುದು ನನ್ನ ಸಲಹೆ. ಆಡುತ್ತಿರುವವರ ಬಗ್ಗೆ ಕಳೆದ ವಾರದ ಪಂದ್ಯವೇ ಮಾತಾಡುತ್ತದೆ.

ಇದಾದ ಮೇಲೆ ಕಾಲವನ್ನು ವಿಂಗಡಿಸಿಕೊಳ್ಳಿ. ಬಿಎಫ್‌ಸಿಯ ಮಟ್ಟಿಗೆ ಸಹಜವಾದ ಗಡಿರೇಖೆ 2017. ಅಲ್ಲಿಯವರೆಗೆ ತಂಡ ಐ-ಲೀಗ್‌ನಲ್ಲಿ ಆಡಿ 2013-14 ಮತ್ತು 2015-16ರಲ್ಲಿ ಪ್ರಶಸ್ತಿ ಗೆದ್ದಿತು. 2017-18ರಿಂದ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದು 2018-19ರಲ್ಲಿ ಅಲ್ಲಿಯೂ ಗೆದ್ದಿತು. ಎರಡೂ ಕಾಲದ ಆಟಗಾರರನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಮೊದಲಿನವರಿಗೆ ಅನ್ಯಾಯವಾಗುತ್ತದೆ, ಏಕೆಂದರೆ ಐ-ಲೀಗ್ ಪಂದ್ಯಗಳ ಪೂರ್ಣ ದೃಶ್ಯಾವಳಿ ಕಡಿಮೆ ಸಿಗುತ್ತದೆ ಮತ್ತು ಪ್ರಚಾರವೂ ಆಗ ಕಡಿಮೆಯಿತ್ತು. ಆ ದಿನಗಳ ವಿದೇಶಿ ಆಟಗಾರರ ನಿಯಮವೂ ಗಮನಿಸತಕ್ಕದ್ದು. ತಂಡದಲ್ಲಿ ನಾಲ್ವರು ವಿದೇಶಿಯರಿಗೆ ಅವಕಾಶವಿದ್ದು, ಅವರಲ್ಲಿ ಒಬ್ಬರು ಏಷ್ಯಾ ಒಕ್ಕೂಟದ ದೇಶದವರಾಗಿರಬೇಕಿತ್ತು. ಆಸ್ಟ್ರೇಲಿಯಾ 2006ರಿಂದ ಏಷ್ಯಾ ಒಕ್ಕೂಟದಲ್ಲಿರುವುದರಿಂದ ಬಿಎಫ್‌ಸಿ ಆ ಸ್ಥಾನಕ್ಕೆ ಆಸ್ಟ್ರೇಲಿಯಾದವರನ್ನು ತರುತ್ತಿತ್ತು. ಹೀಗೆ ಬಂದ ಮೊದಲಿಗರು ಶಾನ್ ರೂನಿ. 2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗನ್ ವಿರುದ್ಧ 1-1ರಲ್ಲಿ ಮುಗಿದ ಕ್ಲಬ್‌ನ ಮೊತ್ತಮೊದಲ ಪಂದ್ಯದಲ್ಲಿ ಮೊದಲ ಗೋಲು ಹೊಡೆದವರೂ ಅವರೇ. ರಸಪ್ರಶ್ನೆಗಳಲ್ಲಿ ಅವರು ಬದುಕಿ ಉಳಿದಿರುವುದು ಆ ಒಂದು ಗೋಲಿನಿಂದ. ಚೆಟ್ರಿಯವರಿಗೂ ರಾಬಿನ್ ಸಿಂಗ್ ಅವರಿಗೂ ಎದುರಾಳಿ ಡಿಫೆಂಡರ್‌ಗಳಿಂದ ಬಿಡುವು ದೊರಕಿಸಿಕೊಡಲು ರೂನಿ ಮಾಡುತ್ತಿದ್ದ ಓಟಗಳನ್ನು ಎಣಿಸಿಟ್ಟವರಿಲ್ಲ. ಪಟ್ಟಿಗೆ ಇಂಥವರನ್ನು ಸೇರಿಸುವಾಗ ಗೋಲನ್ನು ಎರಡನೆಯ ಕಾರಣವಾಗಿ ಬರೆಯಿರಿ.

ಮುಂದಿನ ಕೆಲಸ ಹಳೆಯ ಪಂದ್ಯಗಳನ್ನು ಮತ್ತೆ ನೋಡುವುದು. ಸಾಧ್ಯವಾದಲ್ಲಿ ಪೂರ್ಣ ಪಂದ್ಯವನ್ನೇ ನೋಡಬೇಕು. ಅದು ಸಿಗದಿದ್ದರೆ ಮುಖ್ಯಾಂಶಗಳಲ್ಲಿ ಗೋಲಿಗೆ ಮೊದಲಿನ ಹತ್ತು ಸೆಕೆಂಡುಗಳನ್ನು ನಿಧಾನಗೊಳಿಸಿ, ಚೆಂಡಿನ ಮೇಲಿಂದ ಕಣ್ಣು ತೆಗೆದು ನೋಡಬೇಕು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ನಡೆದ ಐಎಸ್‌ಎಲ್ ಫೈನಲ್‌ನ 117ನೇ ನಿಮಿಷದಲ್ಲಿ ಭೇಕೆ ಹೊಡೆದ ಹೆಡರ್ ಎಲ್ಲರಿಗೂ ಗೊತ್ತು. ಆ ಕಾರ್ನರ್ ಒದ್ದವರು ಸ್ಪೇನಿನ ದಿಮಾಸ್ ಡೆಲ್ಗಾಡೊ. ಕಾರ್ನರ್ ನೆನಪಿಟ್ಟುಕೊಂಡವರೂ ದಿಮಾಸ್ ಅವರ ನಿಜವಾದ ಕೆಲಸವನ್ನು ಮರೆತಿರುತ್ತಾರೆ. ರಕ್ಷಣಾ ಸಾಲಿನ ಮುಂದೆ ಬಂದು ಚೆಂಡು ಪಡೆಯುವುದು, ಒತ್ತಡವಿದ್ದ ಕಡೆಯಿಂದ ಖಾಲಿ ಇರುವ ಕಡೆಗೆ ಅದನ್ನು ದಾಟಿಸುವುದು, ತಂಡ ಆತುರಪಟ್ಟಾಗ ಆಟದ ವೇಗ ತಗ್ಗಿಸುವುದು ಅವರ ಪಾಲಿಗಿತ್ತು. ಮುಖ್ಯಾಂಶದಲ್ಲಿ ಇವಕ್ಕೆ ಜಾಗವಿಲ್ಲ. ಅವರ ಜೊತೆಗೆ ಮಧ್ಯಭಾಗದಲ್ಲಿದ್ದ ಆಸ್ಟ್ರೇಲಿಯಾದ ಎರಿಕ್ ಪಾರ್ತಲು ಎತ್ತರದ ಆಳಾದ್ದರಿಂದ ಕಣ್ಣಿಗೆ ಬೀಳುತ್ತಿದ್ದರು. ದಿಮಾಸ್ ಅಷ್ಟಾಗಿ ಬೀಳುತ್ತಿರಲಿಲ್ಲ. ನನ್ನ ಪಟ್ಟಿಯಲ್ಲಿ ಐಎಸ್‌ಎಲ್ ಕಾಲದ ಮೊದಲ ಹೆಸರು ಅವರದೇ.

ಆಟಗಾರನ ಸ್ಥಾನಕ್ಕೆ ತಕ್ಕಂತೆ ನೋಟ ಬದಲಾಗಬೇಕು. ಅಂಚಿನ ಡಿಫೆಂಡರ್ ಮುಂದೆ ಓಡಿದ್ದನ್ನು ಕಂಡು ಮೆಚ್ಚುವುದು ಸುಲಭ. ಚೆಂಡು ಕಳೆದುಹೋದಾಗ ಆತ ಎಷ್ಟು ಬೇಗ ಮರಳಿ ತನ್ನ ಜಾಗ ಹಿಡಿದ ಎಂಬುದೇ ಪರೀಕ್ಷೆ. ಮೊದಲ ಪ್ರಶಸ್ತಿ ಗೆದ್ದ ತಂಡದ ರಿನೊ ಆಂಟೊ ಮತ್ತು ಕೀಗನ್ ಪೆರೇರಾ ಅವರನ್ನು ಈ ದೃಷ್ಟಿಯಿಂದ ನೋಡಬೇಕು. ಬದಲಿ ಆಟಗಾರನನ್ನು ಆತ ಇಳಿದ ಹೊತ್ತಿನಲ್ಲಿ ಅಂಕ ಎಷ್ಟಿತ್ತು ಎಂಬುದರಿಂದ ಅಳೆಯಬೇಕು. ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್ ಅವರಂಥವರನ್ನು ಊರಿನ ಅಭಿಮಾನಕ್ಕಾಗಿ ಸೇರಿಸುವುದು ಸಲ್ಲದು. ಮಧ್ಯಭಾಗದಲ್ಲಿ ಅವರು ಆಡಿದ ನಿಮಿಷಗಳನ್ನು ಹುಡುಕಿ ತೆಗೆದು, ಅದರ ಬಲದ ಮೇಲೆ ಸೇರಿಸಿದರೆ ಅದು ಗೌರವ.

ಗೋಲ್‌ಕೀಪರ್‌ಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ 2016ರ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡದೊಂದಿಗೆ ಅದರ ನೆಲದಲ್ಲಿಯೇ 1-1ರ ಸಮಬಲ ಸಾಧಿಸಿ, ಕಂಠೀರವದಲ್ಲಿ 3-1ರಿಂದ ಗೆದ್ದ ಬಿಎಫ್‌ಸಿ, ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಆ ರಾತ್ರಿಯ ನೆನಪೆಂದರೆ ಚೆಟ್ರಿಯವರ ಎರಡು ಗೋಲು ಮತ್ತು ಹುವಾನನ್ ಅವರ ಒಂದು ಗೋಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಅಲ್ ಕುವಾ ಅಲ್ ಜವಿಯಾ ವಿರುದ್ಧ ಫೈನಲ್ ನಡೆದಾಗ ಮೊದಲ ಆಯ್ಕೆಯ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಿನಿಂದಾಗಿ ಆಡುವಂತಿರಲಿಲ್ಲ. ಕ್ಲಬ್‌ನ ಇತಿಹಾಸದ ಅತಿದೊಡ್ಡ ಪಂದ್ಯದಲ್ಲಿ ಮಿಜೋರಾಂನ ಲಾಲ್‌ತುವಮ್ಮಾವಿಯಾ ರಾಲ್ಟೆ ಗೋಲುಕಂಬಗಳ ನಡುವೆ ನಿಂತರು. ಇರಾಕಿನವರ ದಾಳಿಗಳನ್ನು ಮತ್ತೆ ಮತ್ತೆ ತಡೆದರು. ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲು 71ನೇ ನಿಮಿಷದಲ್ಲಿ ಬಂತು. ತಂಡ 0-1ರಲ್ಲಿ ಸೋತಿತು. ಸೋತ ಫೈನಲ್‌ನ ಗೋಲ್‌ಕೀಪರನ್ನು ಪ್ರಶಸ್ತಿಪಟ್ಟಿ ಹೆಸರಿಸುವುದಿಲ್ಲ, ಮುಖ್ಯಾಂಶ ಮಾಡುವವರೂ ಅವರನ್ನು ತೋರಿಸಲು ಆತುರಪಡುವುದಿಲ್ಲ. ಪಂದ್ಯ ಕೊನೆಯವರೆಗೂ ಜೀವಂತವಾಗಿ ಉಳಿದದ್ದು ಯಾರಿಂದ ಎಂಬ ಪ್ರಶ್ನೆಯನ್ನು ಸೋತ ಪಂದ್ಯಗಳಿಗೂ ಹಾಕಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬಿಎಫ್‌ಸಿಯ ಚರಿತ್ರೆಯಲ್ಲಿ ನನಗೆ ಕಾಣದು. ಪ್ರತಿ ಋತುವಿನಿಂದ ಕನಿಷ್ಠ ಒಂದು ಸೋತ ಪಂದ್ಯವನ್ನಾದರೂ ನೋಡಲೇಬೇಕೆಂದು ಬಳಗದಲ್ಲಿ ಕಟ್ಟುಪಾಡು ಮಾಡಿಕೊಳ್ಳಿ.

ಇನ್ನು ಜನರನ್ನು ಕೇಳುವ ವಿಧಾನ. ಸಂಜೆ ಒಗ್ಗರಣೆ ಮಿರ್ಚಿಯ ಅಂಗಡಿಯ ಮುಂದೆ ಹತ್ತು ಜನ ಸೇರಿ ‘ನಿಮ್ಮ ಪ್ರಕಾರ ಯಾರು?’ ಎಂದು ಚರ್ಚೆ ಆರಂಭಿಸಿದರೆ, ಎಲ್ಲರಿಗಿಂತ ಜೋರಾಗಿ ಮಾತಾಡುವವರ ಪಟ್ಟಿಯೇ ಬಳಗದ ಪಟ್ಟಿಯಾಗುತ್ತದೆ. ಪ್ರತಿಯೊಬ್ಬರೂ ಬೇರೆಯವರೊಂದಿಗೆ ಮಾತಾಡುವ ಮೊದಲೇ ಐದು ಹೆಸರು ಬರೆದುಕೊಡಲಿ; ಅದರಲ್ಲಿ ಒಬ್ಬರು ಗೋಲ್‌ಕೀಪರ್ ಅಥವಾ ಡಿಫೆಂಡರ್ ಆಗಿರಲೇಬೇಕು. ಕಣ್ಣಾರೆ ಕಾಣದ ಆಟಗಾರನ ಹೆಸರು ಬರೆಯುವವರು ಯಾರು ಹೇಳಿದ್ದನ್ನು ನಂಬಿ ಬರೆಯುತ್ತಿದ್ದಾರೆಂಬುದನ್ನೂ ನಮೂದಿಸಲಿ. ಕಂಠೀರವಕ್ಕೆ ಹೋಗಿ ಬಂದವರ ಮಾತಿಗೆ ಇಲ್ಲಿ ವಿಶೇಷ ಬೆಲೆಯಿದೆ, ಏಕೆಂದರೆ ಚೆಂಡು ಇಲ್ಲದ ಕಡೆಯಲ್ಲಿ ಕೈಸನ್ನೆ ಮಾಡುತ್ತ ಸಾಲು ಸರಿಪಡಿಸುತ್ತಿದ್ದವರು ಯಾರು ಎಂಬುದು ಗ್ಯಾಲರಿಯಿಂದ ಮಾತ್ರ ಕಾಣುತ್ತದೆ. ಹಾಗೆಯೇ ತೋರಣಗಲ್ಲಿನ ಸುತ್ತಮುತ್ತ ಇರುವವರನ್ನು ಮರೆಯಬೇಡಿ. ಕ್ಲಬ್‌ನ ಒಡೆತನ ಜೆಎಸ್‌ಡಬ್ಲ್ಯು ಸಮೂಹದ್ದು. ಅದರ ಉಕ್ಕಿನ ಕಾರ್ಖಾನೆಯ ಬಳಿ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ಗೆ ತಂಡ ಋತುವಿಗೆ ಮುನ್ನ ತರಬೇತಿಗಾಗಿ ಬಂದದ್ದುಂಟು. ಅಭ್ಯಾಸದ ಹೊತ್ತಿನಲ್ಲಿ ಕಿರಿಯರನ್ನು ತಿದ್ದುತ್ತಿದ್ದ ಹಿರಿಯ ಆಟಗಾರ ಯಾರೆಂದು ಅಂಥ ದಿನಗಳನ್ನು ಕಂಡವರು ಹೇಳಬಲ್ಲರು.

ಹೆಸರುಗಳು ಒಟ್ಟುಗೂಡಿದ ಮೇಲೆ ಒಂದು ಕಠಿಣ ಪರೀಕ್ಷೆಗೆ ಒಡ್ಡಬೇಕು: ಆತ ಹೋದ ಮೇಲೆ ತಂಡಕ್ಕೆ ಏನು ಕೊರತೆಯಾಯಿತು? ಆ ಜಾಗಕ್ಕೆ ಬಂದವರು ಯಾರು, ಎಷ್ಟು ಜನರನ್ನು ಪ್ರಯತ್ನಿಸಬೇಕಾಯಿತು, ಆಟದ ಶೈಲಿಯೇ ಬದಲಾಯಿತೆ ಎಂಬುದನ್ನು ಪಂದ್ಯಗಳ ಆಟಗಾರರ ಪಟ್ಟಿಯಿಂದ ಗುರುತಿಸಬಹುದು. ಎರಡು ಮೂರು ಪಂದ್ಯಗಳ ಸೋಲು ಗೆಲುವು ಏನನ್ನೂ ಸಾಬೀತು ಮಾಡದು. ಅರ್ಧ ಋತುವಿನಷ್ಟಾದರೂ ಹೋಲಿಕೆ ಬೇಕು. ಆಟಗಾರ ಹೋದ ಬಗೆಯೂ ನಮ್ಮ ನೆನಪಿಗೆ ಬಣ್ಣ ಬಳಿಯುತ್ತದೆ. ಸಿ.ಕೆ. ವಿನೀತ್ 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗನ್ ವಿರುದ್ಧದ ಫೆಡರೇಷನ್ ಕಪ್ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಕಪ್ ಗೆದ್ದುಕೊಟ್ಟರು, ಅದೇ ವರ್ಷ ಕೇರಳ ಬ್ಲಾಸ್ಟರ್ಸ್ ಸೇರಿದರು. ಮುಂದೆ ಆ ತಂಡದೊಂದಿಗೆ ಬೆಳೆದ ಪೈಪೋಟಿಯಿಂದಾಗಿ ಇಲ್ಲಿ ಅವರ ಹೆಸರು ಹೇಳಿದರೆ ಕೆಲವರ ಮುಖ ಗಂಟಿಕ್ಕುತ್ತದೆ. ಕಪ್ ಮಾತ್ರ ನಮ್ಮ ಬಳಿಯೇ ಇದೆ. ಅವರನ್ನು ಪಟ್ಟಿಯಲ್ಲಿ ಇಡಲೇಬೇಕೆಂದು ನಾನು ವಾದಿಸುತ್ತೇನೆ.

ಇದೇ ಕ್ರಮವನ್ನು ಬಳ್ಳಾರಿಯ ಸ್ಥಳೀಯ ತಂಡಗಳಿಗೂ ಅನ್ವಯಿಸಬಹುದು. ಅಲ್ಲಿ ದೃಶ್ಯಾವಳಿ ಇಲ್ಲ, ಅಂಕಿಅಂಶಗಳೂ ಇಲ್ಲ. ಇರುವುದು ಕಾಗದ ಮತ್ತು ಬಾಯಿಮಾತು. ಕಂಟೋನ್ಮೆಂಟ್, ಕೌಲ್ ಬಜಾರ್ ಕಡೆಯ ಹಳೆಯ ಮನೆಗಳಲ್ಲಿ ತಂಡದ ಫೋಟೊ ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ, ಹೆಸರು ಮತ್ತು ವರ್ಷ ಅಲ್ಲಿರುವ ಸಾಧ್ಯತೆ ಹೆಚ್ಚು. ಟೂರ್ನಿಯ ಕರಪತ್ರ, ಟ್ರೋಫಿಯ ಮೇಲಿನ ಕೆತ್ತನೆ, ಪತ್ರಿಕೆಗಳ ಜಿಲ್ಲಾ ಪುಟ ಇವು ದಿನಾಂಕವನ್ನು ಖಚಿತಪಡಿಸುತ್ತವೆ. ಆಟಗಾರರಿಗಿಂತ ಮೊದಲು ಹಳೆಯ ರೆಫರಿಗಳನ್ನು ಕಾಣುವುದು ಲೇಸು. ಅವರಿಗೆ ಯಾವ ತಂಡದ ಹಂಗೂ ಇರುವುದಿಲ್ಲ, ಯಾರು ಒರಟಾಗಿ ಆಡುತ್ತಿದ್ದರು, ಯಾರು ತಲೆ ತಗ್ಗಿಸಿ ದುಡಿಯುತ್ತಿದ್ದರು ಎಂಬುದು ಚೆನ್ನಾಗಿ ನೆನಪಿರುತ್ತದೆ. ಹಿರಿಯ ಆಟಗಾರರ ಮನೆಗೆ ಹೋದಾಗ ‘ನಿಮ್ಮನ್ನು ಎಲ್ಲರೂ ಮರೆತಿದ್ದಾರೆ ಸರ್’ ಎಂದು ಮಾತು ಆರಂಭಿಸಬಾರದು. ಜೊತೆಗಾರರ ಬಗ್ಗೆ ಕೇಳಿ. ತಮ್ಮ ಬಗ್ಗೆ ಹೇಳಿಕೊಳ್ಳಲು ಸಂಕೋಚಪಡುವವರೂ ಪಕ್ಕದಲ್ಲಿ ಆಡಿದವರ ಬಗ್ಗೆ ಧಾರಾಳವಾಗಿ ಮಾತಾಡುತ್ತಾರೆ. ಫೋಟೊ ಬಳಸಲು ಒಪ್ಪಿಗೆ ಪಡೆಯುವುದು ಕಡ್ಡಾಯ.

ಕೊನೆಗೆ ಬರವಣಿಗೆ. ಒಬ್ಬೊಬ್ಬರಿಗೆ ನಾಲ್ಕೈದು ವಾಕ್ಯ ಸಾಕು: ಆಡಿದ ಋತುಗಳು, ಸ್ಥಾನ, ಮಾಡುತ್ತಿದ್ದ ಕೆಲಸ, ಅದನ್ನು ತೋರಿಸುವ ಒಂದು ಪಂದ್ಯ, ಅವರು ಹೋದ ಮೇಲೆ ಆದ ಬದಲಾವಣೆ. ‘ಅದ್ಭುತ’, ‘ಅಪ್ರತಿಮ’ ಎಂಬ ಪದಗಳು ಬಂದ ಕಡೆಯಲ್ಲೆಲ್ಲ ಅವನ್ನು ತೆಗೆದು ಪಂದ್ಯದ ನಿಮಿಷವನ್ನು ಬರೆಯಿರಿ. ಒಮ್ಮತ ಮೂಡದ ಹೆಸರುಗಳನ್ನು ಮತಕ್ಕೆ ಹಾಕಿ ಬಿಸಾಡುವ ಬದಲು ಬೇರೆ ಹಾಳೆಯಲ್ಲಿ ಕಾರಣಸಹಿತ ಇಟ್ಟುಕೊಂಡು, ಋತು ಮುಗಿದು ಆಟವಿಲ್ಲದ ಬೇಸಿಗೆಯ ತಿಂಗಳುಗಳಲ್ಲಿ ಸಂಬಂಧಪಟ್ಟ ಪಂದ್ಯಗಳನ್ನು ಮತ್ತೊಮ್ಮೆ ನೋಡಿ ತೀರ್ಮಾನಿಸುವುದು ಒಳ್ಳೆಯದು.