ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ನಮ್ಮ ಗುಂಡನಿಗೆ ಇನ್ಸುಲಿನ್ ಹಾಕಲು ಕಲಿತ ಕತೆ

ನಮ್ಮ ಬೆಕ್ಕು ಗುಂಡನಿಗೆ ಸಕ್ಕರೆ ಕಾಯಿಲೆ ಇದೆ ಅಂತ ಮೊದಲು ಗೊತ್ತಾಗಿದ್ದು ಇರುವೆಗಳಿಗೆ. ಅವನು ಮೂತ್ರ ಮಾಡುವ ಮರಳಿನ ಟ್ರೇ ಸುತ್ತ ಸಾಲುಗಟ್ಟಿ ಓಡಾಡುತ್ತಿದ್ದವು. ನಾನು ಫಿನಾಯಿಲ್ ಹಾಕಿ ಒರೆಸಿ ಸುಮ್ಮನಾದೆ. ನಮ್ಮತ್ತೆಗೆ ಹದಿನೈದು ವರ್ಷದಿಂದ ಶುಗರ್. ಅವರೇ ಒಂದು ದಿನ, "ಏನೇ, ಇದಕ್ಕೂ ನನ್ ಕಾಯಿಲೇನೇ ಬಂದಿರೋ ಹಂಗಿದೆ, ಬಟ್ಟಲು ಬಟ್ಟಲು ನೀರು ಕುಡೀತದೆ" ಅಂದರು. ನಾನು ನಕ್ಕೆ. ಆಮೇಲೆ ಅಳತೆ ಲೋಟದಲ್ಲಿ ನೀರಿಟ್ಟು ನೋಡಿದೆ. ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಕುಡಿಯುತ್ತಿದ್ದ. ಬೆಕ್ಕಿನ ತೂಕದ ಪ್ರತಿ ಕೆಜಿಗೆ 100 ಮಿ.ಲೀ. ದಾಟಿದರೆ ಅದು ಸಹಜವಲ್ಲ. ಆರೂವರೆ ಕೆಜಿ ಇದ್ದವನು 5.1ಕ್ಕೆ ಇಳಿದಿದ್ದ, ಆದರೂ ಹೊಟ್ಟೆಬಾಕನ ಹಾಗೆ ತಿನ್ನುತ್ತಿದ್ದ. ಹಿಂಗಾಲನ್ನು ಹಿಮ್ಮಡಿವರೆಗೂ ನೆಲಕ್ಕೆ ಊರಿ ನಡೆಯುತ್ತಿದ್ದ. ಹನ್ನೊಂದು ವರ್ಷ ಆಯಿತಲ್ಲ, ವಯಸ್ಸಿಗೆ ಹಾಗೆ ಅಂದುಕೊಂಡಿದ್ದೆ. ಅದು ಜಾಸ್ತಿ ಸಕ್ಕರೆಯಿಂದ ನರಗಳಿಗೆ ಆದ ತೊಂದರೆ.

ಕ್ಲಿನಿಕ್‌ನಲ್ಲಿ ರಕ್ತದಲ್ಲಿ ಸಕ್ಕರೆ 412 ಬಂತು. ಆದರೆ ಆ ಒಂದು ಅಂಕಿ ನೋಡಿ ಡಾಕ್ಟರ್ ಇನ್ಸುಲಿನ್ ಬರೆಯಲಿಲ್ಲ. ಬೆಕ್ಕು ಹೆದರಿದರೂ ಸಾಕು, ಸಕ್ಕರೆ ಏರಿಬಿಡುತ್ತದೆ. ಅದಕ್ಕೇ ಮೂತ್ರ ನೋಡಿದರು, ಫ್ರಕ್ಟೋಸಮೈನ್ ಅನ್ನುವ ಇನ್ನೊಂದು ಪರೀಕ್ಷೆಗೂ ಕಳಿಸಿದರು. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ. ನಿಮ್ಮ ಬೆಕ್ಕಿಗೂ ಒಂದೇ ಸಲ ಸಕ್ಕರೆ ನೋಡಿ ಕಾಯಿಲೆ ಅಂದರೆ, ಈ ಪರೀಕ್ಷೆ ಮಾಡಿಸೋಣವೇ ಅಂತ ಕೇಳಿ.

ನಮಗೆ ಕೊಟ್ಟದ್ದು ಗ್ಲಾರ್ಜಿನ್. ಇದು ಮನುಷ್ಯರಿಗೆ ಕೊಡುವ ಇನ್ಸುಲಿನ್ನೇ. ಲ್ಯಾಂಟಸ್ ಅಂತ ಸಿಗುತ್ತದೆ, ನಮ್ಮ ಬೆಂಗಳೂರಿನ ಬಯೋಕಾನ್‌ನವರ ಬಸಲಾಗ್ ಕೂಡ ಇದೇ. ದಿನಕ್ಕೆ ಎರಡು ಸಲ, ಹನ್ನೆರಡು ಗಂಟೆಗೊಮ್ಮೆ, ಒಂದೊಂದು ಯೂನಿಟ್. ಇದು ಗುಂಡನಿಗೆ ಅಂತ ಬರೆದ ಡೋಸ್. ನಿಮ್ಮ ಬೆಕ್ಕಿನದು ನಿಮ್ಮ ಡಾಕ್ಟರೇ ಹೇಳಬೇಕು.

ಸೂಜಿ ಚುಚ್ಚುವುದು ಹೇಗೆ ಅಂತ ಎಲ್ಲರೂ ಹೆದರುತ್ತಾರೆ, ನಾನೂ ಹೆದರಿದ್ದೆ. ನಿಜವಾಗಿ ಹೆದರಬೇಕಾದ್ದು ಸಿರಿಂಜಿನ ಮುಚ್ಚಳದ ಬಣ್ಣಕ್ಕೆ.

ನಮ್ಮಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಗಾಢತೆಯಲ್ಲಿ ಬರುತ್ತದೆ. ಅತ್ತೆಯ ಬಾಟಲಿ 40ರದ್ದು, ಅಂದರೆ ಒಂದು ಮಿ.ಲೀ.ನಲ್ಲಿ 40 ಯೂನಿಟ್. ಗುಂಡನ ಗ್ಲಾರ್ಜಿನ್ 100ರದ್ದು, ಅಷ್ಟೇ ನೀರಿನಲ್ಲಿ 100 ಯೂನಿಟ್. ಎರಡಕ್ಕೂ ಸಿರಿಂಜ್ ಬೇರೆ. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಮೆಡಿಕಲ್ ಶಾಪಿನಲ್ಲಿ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದೆ, ಕೆಂಪಿನದು ಕೊಟ್ಟರು. ಮನೆಯಲ್ಲಿ ಹದಿನೈದು ವರ್ಷದಿಂದ ಅದನ್ನೇ ನೋಡಿದ ಕಣ್ಣು, ಅನುಮಾನವೇ ಬರಲಿಲ್ಲ. ಮೂರನೇ ದಿನ ಕ್ಲಿನಿಕ್ಕಿನವರು ಕೊಟ್ಟ ಸಿರಿಂಜ್ ಖಾಲಿಯಾಗಿ, ಈ ಕೆಂಪಿನದರಲ್ಲಿ ಒಂದನೇ ಗೆರೆಗೆ ಎಳೆದು ಹಾಕಿದೆ.

ಲೆಕ್ಕ ನೋಡಿ. ಕೆಂಪು ಸಿರಿಂಜಿನ ಒಂದು ಗೆರೆ ಅಂದರೆ 0.025 ಮಿ.ಲೀ. ಅಷ್ಟರಲ್ಲಿ 100ರ ಇನ್ಸುಲಿನ್ ತುಂಬಿದರೆ ಎರಡೂವರೆ ಯೂನಿಟ್. ಐದು ಕೆಜಿ ಬೆಕ್ಕಿಗೆ ಎರಡೂವರೆ ಪಟ್ಟು ಔಷಧಿ ಕೊಟ್ಟಿದ್ದೆ, ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ಪೈಸೆ ಪೈಸೆ ತಾಳೆ ನೋಡುವ ಹೆಂಗಸು ನಾನು.

ಬೆಳಿಗ್ಗೆ ಏಳಕ್ಕೆ ಹಾಕಿದ್ದು. ಭಾನುವಾರ ಆಗಿದ್ದಕ್ಕೆ ಮನೆಯಲ್ಲಿದ್ದೆ, ಅದೇ ಪುಣ್ಯ. ಹನ್ನೊಂದರ ಹೊತ್ತಿಗೆ ಕುಡಿದವನ ಹಾಗೆ ಓಲಾಡಿಕೊಂಡು ಬಂದ, ಗೋಡೆಗೆ ತಲೆ ಆನಿಸಿ ನಿಂತ. ಮೀಟರಿನಲ್ಲಿ 46. ಅಡುಗೆಮನೆಯ ಜೇನುತುಪ್ಪ ಬೆರಳಿನಲ್ಲಿ ತೆಗೆದು ಒಸಡಿಗೆ ಹಚ್ಚಿದೆ. ಸ್ವಲ್ಪ ಎಚ್ಚರಾದ ಮೇಲೆ ತಿನ್ನಲು ಕೊಟ್ಟು, ಆಟೋ ಹಿಡಿದು ಕ್ಲಿನಿಕ್ಕಿಗೆ ಓಡಿದೆ. ಸಂಜೆವರೆಗೂ ಡ್ರಿಪ್ ಹಾಕಿ ಇಟ್ಟುಕೊಂಡರು.

ಇದರಿಂದ ಕಲಿತದ್ದನ್ನು ಹೇಳಿಬಿಡುತ್ತೇನೆ. ಬೆಕ್ಕು ಎಚ್ಚರವಿದ್ದು ನುಂಗುವ ಹಾಗಿದ್ದರೆ ಮೊದಲು ಊಟ ಕೊಡಿ. ಬಳಲಿದ್ದರೆ ಜೇನು ಅಥವಾ ಸಕ್ಕರೆ ಪಾಕ ಒಸಡಿಗೆ ಸವರಿ. ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಆಪತ್ತು. ಫಿಟ್ಸ್ ಬಂದಿದ್ದರೆ ಹಲ್ಲಿನ ನಡುವೆ ಬೆರಳು ಇಡಬೇಡಿ. ಚೇತರಿಸಿಕೊಂಡಂತೆ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು, ಯಾಕೆಂದರೆ ಜೇನು ಬೇಗ ಕರಗುತ್ತದೆ, ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತಿರುತ್ತದೆ. ಸಕ್ಕರೆ ಒಂದೆರಡು ದಿನ ಜಾಸ್ತಿ ಇದ್ದರೆ ಬೆಕ್ಕು ತಡೆದುಕೊಳ್ಳುತ್ತದೆ. ತೀರಾ ಇಳಿದರೆ ಕೆಲವೇ ಗಂಟೆಯಲ್ಲಿ ಜೀವ ಹೋಗಬಹುದು. ಹಾಕಿದೆನೋ ಇಲ್ಲವೋ ಅಂತ ಅನುಮಾನ ಬಂದರೆ ಎರಡನೇ ಸಲ ಹಾಕಬೇಡಿ. ಔಷಧಿ ಕೂದಲ ಮೇಲೆ ಚೆಲ್ಲಿ ಒದ್ದೆಯಾದರೂ ಅಷ್ಟೇ, ಮುಂದಿನ ಹೊತ್ತಿಗೆ ನೋಡಿಕೊಳ್ಳಿ.

ಈಗ ನಮ್ಮ ಫ್ರಿಜ್ಜಿನಲ್ಲಿ ಎರಡು ಡಬ್ಬ. ಅತ್ತೆಯದು ಕೆಂಪು ಮುಚ್ಚಳದ ಉಪ್ಪಿನಕಾಯಿ ಡಬ್ಬ, ಗುಂಡನದು ಹಳೇ ಬಿಸ್ಕತ್ ಡಬ್ಬ, ಮೇಲೆ ಕಿತ್ತಳೆ ಟೇಪು. ಸಿರಿಂಜೂ ಆಯಾ ಡಬ್ಬದಲ್ಲೇ. ಅಂಗಡಿಯಲ್ಲಿ "100ರದು, ಕಿತ್ತಳೆ ಮುಚ್ಚಳ, 0.3 ಮಿ.ಲೀ., ಅರ್ಧ ಯೂನಿಟ್ ಗೆರೆ ಇರೋದು" ಅಂತ ಪೂರ್ತಿ ಹೇಳುತ್ತೇನೆ. ಅರ್ಧ ಗೆರೆಯದು ಎಲ್ಲ ಕಡೆ ಸಿಗಲ್ಲ, ನಾನು ತರಿಸಿಕೊಳ್ಳಬೇಕಾಯಿತು. ಒಂದು ಮಿ.ಲೀ.ಯ ದೊಡ್ಡ ಸಿರಿಂಜಿನಲ್ಲಿ ಗೆರೆಗಳು ಎರಡೆರಡು ಯೂನಿಟ್ಟಿಗೆ ಇರುತ್ತವೆ. ಅದರಲ್ಲಿ ಒಂದು ಯೂನಿಟ್ ಅಳೆಯುವುದು ಕಣ್ಣಂದಾಜಷ್ಟೇ, ಬೆಕ್ಕಿಗೆ ಆಗಲ್ಲ. ಪ್ರಾಣಿಗಳಿಗೆ ಅಂತಲೇ ಬರುವ ಕೆಲವು ಇನ್ಸುಲಿನ್ 40ರದ್ದು, ಅದಕ್ಕೆ ಕೆಂಪೇ ಸರಿ. ಹಾಗಾಗಿ ಬೆಕ್ಕಿಗೆ ಇಂಥದ್ದೇ ಬಣ್ಣ ಅಂತ ಬಾಯಿಪಾಠ ಮಾಡಬೇಡಿ. ಬಾಟಲಿ ಮೇಲಿನ ಅಂಕಿ, ಸಿರಿಂಜ್ ಮೇಲಿನ ಅಂಕಿ ಒಂದೇ ಇರಬೇಕು.

ಇನ್ಸುಲಿನ್ ಇಡುವುದು ಫ್ರಿಜ್ಜಿನ ನಡು ಅರೆಯಲ್ಲಿ, 2ರಿಂದ 8 ಡಿಗ್ರಿಯೊಳಗೆ. ಬಾಗಿಲಲ್ಲಿ ಬೇಡ, ತೆಗೆದು ಹಾಕಿದಾಗೆಲ್ಲ ಬಿಸಿಯಾಗುತ್ತದೆ. ಒಂದೇ ಬಾಗಿಲಿನ ಹಳೇ ಫ್ರಿಜ್ ಇದ್ದರೆ ಫ್ರೀಜರಿಗೆ ಅಂಟಿಸಿಯೂ ಇಡಬೇಡಿ. ಒಮ್ಮೆ ಗಡ್ಡೆ ಕಟ್ಟಿದರೆ ಎಸೆಯಬೇಕಷ್ಟೇ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು. ತೆರೆದ ತಾರೀಕನ್ನು ಮೇಲೆ ಬರೆದಿಡಿ. ಕಂಪನಿಯವರು ತೆರೆದ ಮೇಲೆ 28 ದಿನ ಅನ್ನುತ್ತಾರೆ. ದಿನಕ್ಕೆ ಎರಡು ಯೂನಿಟ್ ಅಂದರೆ ಅಷ್ಟರಲ್ಲಿ 56 ಯೂನಿಟ್ ಖರ್ಚು, 10 ಮಿ.ಲೀ. ಬಾಟಲಿಯಲ್ಲಿ ಸಾವಿರ ಇರುತ್ತದೆ! ಅದಕ್ಕೇ ಡಾಕ್ಟರನ್ನು ಕೇಳಿ 3 ಮಿ.ಲೀ. ಕಾರ್ಟ್ರಿಜ್‌ಗೆ ಬದಲಾಯಿಸಿದೆ. ಅದರಿಂದ ಸಿರಿಂಜಿನಲ್ಲೇ ಎಳೆಯುತ್ತೇನೆ.

ಇನ್ನು ಚುಚ್ಚುವುದು. ಮೊದಲು ಊಟ. ತಿನ್ನುವುದನ್ನು ಕಣ್ಣಾರೆ ನೋಡಿ, ಆಮೇಲೆ ಸೂಜಿ. ತಿನ್ನದೆ ಮೂತಿ ತಿರುಗಿಸಿದರೆ ಪೂರ್ತಿ ಡೋಸ್ ಹಾಕಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿದರೆ ಗುಡಾರದ ಹಾಗೆ ನಿಲ್ಲುತ್ತದೆ. ಆ ಗುಡಾರದ ಬಾಗಿಲಿಗೆ ಓರೆಯಾಗಿ ಸೂಜಿ ತೂರಿಸಿ, ನಿಧಾನಕ್ಕೆ ಒತ್ತಿ. ಆ ಕಡೆಯಿಂದ ಹೊರಗೆ ಬಂತಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, ನನಗೆ ಮೊದಲ ವಾರ ಎರಡು ಸಲ ಹೊರಗೇ ಬಂದಿತ್ತು. ದಿನವೂ ಒಂದೇ ಜಾಗಕ್ಕೆ ಬೇಡ. ಬೆಳಿಗ್ಗೆ ಎಡ, ಸಂಜೆ ಬಲ ಅಂತ ನಾನು ಇಟ್ಟುಕೊಂಡಿದ್ದೇನೆ. ಈ ಸೂಜಿ ಎಷ್ಟು ಸಣ್ಣ ಅಂದರೆ ಗುಂಡ ತಟ್ಟೆಯಿಂದ ತಲೆಯನ್ನೇ ಎತ್ತುವುದಿಲ್ಲ.

ರಕ್ತ ನೋಡುವುದೇ ಕಷ್ಟದ ಕೆಲಸ. ಕಿವಿಯ ಅಂಚಿನಲ್ಲಿ ಒಂದು ಸಣ್ಣ ರಕ್ತನಾಳ ಓಡುತ್ತದೆ, ಅದಕ್ಕೂ ಅಂಚಿಗೂ ನಡುವೆ ಚುಚ್ಚಬೇಕು. ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಕಿವಿ ತಣ್ಣಗಿದ್ದರೆ ಒಂದು ಹನಿಯೂ ಬರಲ್ಲ. ಕಾಲುಚೀಲದಲ್ಲಿ ಅಕ್ಕಿ ತುಂಬಿ ಬೆಚ್ಚಗೆ ಮಾಡಿ, ಒಂದು ನಿಮಿಷ ಕಿವಿಗೆ ಹಿಡಿಯಿರಿ. ಕೂದಲ ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದರೆ ರಕ್ತ ಹರಡದೆ ಮಣಿಯ ಹಾಗೆ ನಿಲ್ಲುತ್ತದೆ. ಹಿಂದುಗಡೆ ಹತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಬೆರಳಿಗೇ ಚುಚ್ಚಿಕೊಳ್ಳುತ್ತೀರಿ. ಆದ ಮೇಲೆ ಒಂದು ಚೂರು ಬೇಯಿಸಿದ ಕೋಳಿ, ಲಂಚ. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಹಾಗಂತ ಬಿಸಾಡಬೇಕಿಲ್ಲ, ಯಾವ ಮೀಟರ್ ಅಂತ ಡಾಕ್ಟರಿಗೆ ಹೇಳಿ, ಅದೊಂದನ್ನೇ ಬಳಸಿ. ಕಿವಿ ಮುಟ್ಟಲೂ ಬಿಡದ ಬೆಕ್ಕಿಗೆ ಚರ್ಮದ ಮೇಲೆ ಕೂತು ತಾನೇ ಸಕ್ಕರೆ ಅಳೆಯುವ ಲಿಬ್ರೆ ಸೆನ್ಸರ್ ಅಂಟಿಸುತ್ತಾರೆ, ಹದಿನಾಲ್ಕು ದಿನದ್ದು. ಗುಂಡ ಒಂಬತ್ತನೇ ದಿನ ಅದನ್ನು ಕಿತ್ತು ಸೋಫಾ ಕೆಳಗೆ ಹಾಕಿದ್ದ.

ಸೂಜಿಗೆ ಮುಂಚಿನ ಅಂಕಿ ಬರೆಯುತ್ತೇನೆ. ನಮ್ಮ ಡಾಕ್ಟರ್ ಶುರುವಿನಲ್ಲಿ ಹಾಕಿಕೊಟ್ಟ ಗೆರೆ 200. ಅದಕ್ಕಿಂತ ಕಡಿಮೆ ಇದ್ದರೆ ಸೂಜಿ ಹಾಕದೆ ಅವರಿಗೆ ಫೋನ್ ಮಾಡಬೇಕಿತ್ತು. ಡೋಸ್ ಬದಲಾಯಿಸುವ ಮುಂಚೆ ಒಂದು ದಿನ ಪೂರ್ತಿ, ಎರಡೆರಡು ಗಂಟೆಗೊಮ್ಮೆ ಹನ್ನೆರಡು ಗಂಟೆ ನೋಡಿ ಕಳಿಸುತ್ತೇನೆ. ಅವರಿಗೆ ಬೇಕಾದ್ದು ಎಷ್ಟು ಕೆಳಗೆ ಇಳಿಯಿತು ಅನ್ನುವುದು. 300 ಕಂಡ ತಕ್ಷಣ ನೀವೇ ಅರ್ಧ ಯೂನಿಟ್ ಏರಿಸಬೇಡಿ. ಹೊಸ ಡೋಸ್ ಮೈಗೆ ಹೊಂದಿಕೊಳ್ಳಲು ಐದಾರು ದಿನ ಬೇಕು. ನನಗಂತೂ ಅಷ್ಟು ದಿನ ಸುಮ್ನೆ ಕೂರುವುದೇ ಶಿಕ್ಷೆಯಾಗಿತ್ತು.

ಊಟದ ವಿಷಯಕ್ಕೆ ಬಂದರೆ, ತಪ್ಪು ನಮ್ಮದೇ. ಗುಂಡ ಬೆಳೆದದ್ದು ಮೊಸರನ್ನದಲ್ಲಿ, ಆಮೇಲೆ ಒಣ ಕಾಳಿನ ಫುಡ್‌ನಲ್ಲಿ. ಬೆಕ್ಕು ಮಾಂಸ ತಿನ್ನುವ ಜಾತಿ, ಅದಕ್ಕೆ ಪಿಷ್ಟ ಅರಗಿಸುವ ಶಕ್ತಿ ಕಡಿಮೆ. ಪೊಟ್ಟಣದ ಮೇಲೆ ಪಿಷ್ಟ ಎಷ್ಟು ಅಂತ ಹೆಚ್ಚಾಗಿ ಬರೆದಿರುವುದಿಲ್ಲ. ನೀವೇ ಕಳೆಯಬೇಕು: ನೂರರಲ್ಲಿ ಪ್ರೋಟೀನ್, ಕೊಬ್ಬು, ನಾರು, ನೀರಿನಂಶ, ಬೂದಿ ಎಲ್ಲ ಕಳೆದರೆ ಉಳಿದದ್ದು ಪಿಷ್ಟ. 30, 10, 4, 10, 9 ಅಂತ ಇದ್ದರೆ ಉಳಿಯುವುದು 37. ನೂರರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ! ಪೌಚಿನಲ್ಲಿ ಬರುವ ಹಸಿ ಫುಡ್ ಸಾಮಾನ್ಯವಾಗಿ ಎಷ್ಟೋ ಮೇಲು. ಆದರೆ ಇನ್ಸುಲಿನ್ ನಡೆಯುತ್ತಿರುವಾಗ ರಾತ್ರೋರಾತ್ರಿ ಊಟ ಬದಲಾಯಿಸಬೇಡಿ. ಪಿಷ್ಟ ಇಳಿದರೆ ಬೇಕಾಗುವ ಇನ್ಸುಲಿನ್ನೂ ಇಳಿಯುತ್ತದೆ, ಹಳೇ ಡೋಸೇ ಹೆಚ್ಚಾಗಿಬಿಡಬಹುದು. ಡಾಕ್ಟರಿಗೆ ಹೇಳಿ, ವಾರ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಾಯಿಸಿ. ಬರೀ ಬೇಯಿಸಿದ ಕೋಳಿಯೂ ಸಾಲದು, ಕ್ಯಾಲ್ಸಿಯಂ, ಟಾರಿನ್ ಅನ್ನುವ ಪೋಷಕಾಂಶ ಎಲ್ಲ ಸಾಕಷ್ಟು ಸಿಗಲ್ಲ. ನಮ್ಮದು ಸಸ್ಯಾಹಾರಿ ಮನೆ. ಲಂಚದ ಕೋಳಿ ಬೇಯುವುದು ಹಿತ್ತಲಿನ ಸೀಮೆಎಣ್ಣೆ ಸ್ಟವ್ ಮೇಲೆ, ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡೇ "ಉಪ್ಪು ಹಾಕ್ಬೇಡ, ಈರುಳ್ಳಿ ಹಾಕ್ಬೇಡ" ಅಂತ ನನಗೆ ನೆನಪಿಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷವೇ.

ವಾಂತಿ, ಊಟ ಬಿಡುವುದು, ಮೂಲೆಯಲ್ಲಿ ಮುದುಡಿ ಕೂರುವುದು ಒಟ್ಟಿಗೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ರಕ್ತದಲ್ಲಿ ಸೇರುವ ಕೀಟೋನ್ ಏರಿದ್ದರೆ ಅದು ಆಸ್ಪತ್ರೆಯ ಕೆಲಸ. ಮೂತ್ರದಲ್ಲಿ ಅದ್ದಿ ನೋಡುವ ಕೀಟೋನ್ ಪಟ್ಟಿ ಮೆಡಿಕಲ್‌ನಲ್ಲೇ ಸಿಗುತ್ತದೆ. ಬಳಸಿದ ಸೂಜಿ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಿ ಕ್ಲಿನಿಕ್ಕಿಗೆ ಕೊಡಿ. ಕಸದ ಚೀಲಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಬೇಗ ಶುರುಮಾಡಿ ಸಕ್ಕರೆ ಹಿಡಿತದಲ್ಲಿಟ್ಟರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದುಂಟು. ಗುಂಡನಿಗೆ ಈಗ ಐದನೇ ತಿಂಗಳು. ಡೋಸ್ ಅರ್ಧ ಯೂನಿಟ್ಟಿಗೆ ಇಳಿದಿದೆ, ತೂಕ 5.6, ಮಂಚದ ಮೇಲೆ ಮತ್ತೆ ಹಾರುತ್ತಾನೆ. ಮುಂದಿನ ತಿಂಗಳು ನಿಲ್ಲಿಸಿ ನೋಡೋಣ ಅಂದಿದ್ದಾರೆ ಡಾಕ್ಟರ್. ಬೆಳಿಗ್ಗೆ ಏಳಕ್ಕೆ ಇಬ್ಬರ ಡಬ್ಬವೂ ಮೇಜಿನ ಮೇಲೆ ಬರುತ್ತದೆ. ಅತ್ತೆ ತಮ್ಮ ಸೂಜಿ ಹಾಕಿಕೊಂಡು, ಕನ್ನಡಕ ಏರಿಸಿ ನನ್ನ ಕೈಲಿರುವ ಮುಚ್ಚಳದ ಬಣ್ಣ ನೋಡಿ, "ಹ್ಞೂಂ, ಹಾಕು" ಅಂದ ಮೇಲೆಯೇ ಗುಂಡನ ಸರದಿ.