ಹಿಂದೆ ಇದ್ದ ದೇಶದ ಪೊಲೀಸ್ ಸರ್ಟಿಫಿಕೇಟ್ ನಮ್ಮೂರಲ್ಲಿ ಕೂತೇ ತರಿಸಿಕೊಳ್ಳುವುದು ಹೇಗೆ

ದುಬೈನಲ್ಲಿ ನಾಲ್ಕು ವರ್ಷ ದುಡಿದು ಊರಿಗೆ ಬಂದಿರುತ್ತೀರಿ. ಈಗ ಕೆನಡಾ ಪಿಆರ್‌ಗೋ (ಅಲ್ಲೇ ಕಾಯಂ ಇರುವ ಪರವಾನಗಿ), ಇಂಗ್ಲೆಂಡಿನ ನರ್ಸ್ ಕೆಲಸಕ್ಕೋ ಅರ್ಜಿ ಹಾಕಿದ್ದೀರಿ. ಎಲ್ಲಾ ಕಾಗದ ಸರಿ ಇವೆ ಅನ್ನುವಷ್ಟರಲ್ಲಿ, ದುಬೈ ಪೊಲೀಸರ ಸರ್ಟಿಫಿಕೇಟ್, ಅಂದರೆ ಅಲ್ಲಿ ನಿಮ್ಮ ಮೇಲೆ ಕೇಸು ಇತ್ತೋ ಇಲ್ಲವೋ ಅಂತ ಹೇಳುವ ಕಾಗದ, ಎಲ್ಲಿ ಅಂತ ಕೇಳುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ತಲೆಬಿಸಿ. ಗಾಬರಿ ಬೇಡ, ಕೆಲವು ಕಡೆ ಅಲೆದಾಟ ಇದೆ ನಿಜ, ಆದರೆ ವಾಪಸ್ ಹೋಗಿಯೇ ತರಬೇಕು ಅಂತೇನಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ತೆಗೆದುಕೊಳ್ಳುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಇದೆಯಲ್ಲ, ಅದು ಭಾರತದ್ದು ಮಾತ್ರ. ನೀವು ಅಬುಧಾಬಿಯಲ್ಲೋ ಲಂಡನ್ನಿನಲ್ಲೋ ಹೇಗಿದ್ದಿರಿ ಅನ್ನುವುದು ನಮ್ಮ ಎಸ್‌ಪಿ ಕಚೇರಿಗೆ ಗೊತ್ತಿರುವುದಿಲ್ಲ, ಅವರು ಬರೆದುಕೊಡುವುದೂ ಇಲ್ಲ. ಅದನ್ನು ಆ ದೇಶವೇ ಕೊಡಬೇಕು. ಬಹಳಷ್ಟು ಜನರಿಗೆ ಎರಡೂ ಬೇಕಾಗುತ್ತವೆ, ಹಾಗಾಗಿ ಎರಡನ್ನೂ ಒಟ್ಟಿಗೇ ಶುರು ಮಾಡಿ.

ಇನ್ನೊಂದು ವಿಷಯ. ಯಾರು ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಕೆನಡಾದವರು ಕಳೆದ 10 ವರ್ಷದಲ್ಲಿ ಸತತ 6 ತಿಂಗಳು ಅಥವಾ ಜಾಸ್ತಿ ಇದ್ದ ದೇಶಗಳದ್ದನ್ನು ಕೇಳುತ್ತಾರೆ. ಆಸ್ಟ್ರೇಲಿಯಾದವರು 10 ವರ್ಷದಲ್ಲಿ ಎಲ್ಲಾ ಕೂಡಿಸಿ 12 ತಿಂಗಳಾಗಿದ್ದರೆ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆ, ಶಾಲೆ, ಆರೈಕೆ ಇಂಥ ಕೆಲಸಗಳಿಗೆ ಹೋಗುವವರಿಗೂ 12 ತಿಂಗಳ ಲೆಕ್ಕವೇ. ಸರ್ಟಿಫಿಕೇಟಿನ ಅವಧಿ ಮುಗಿಯುವ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಉದಾಹರಣೆಗೆ ಕೆನಡಾಕ್ಕೆ, ಈಗ ಇರುವ ದೇಶದ ಸರ್ಟಿಫಿಕೇಟ್ ಅರ್ಜಿ ಹಾಕುವ ಹೊತ್ತಿಗೆ 6 ತಿಂಗಳಿಗಿಂತ ಹಳೆಯದಿರಬಾರದು, ಆದರೆ ಹಿಂದೆ ಇದ್ದ ದೇಶದ್ದು ನೀವು ಅಲ್ಲಿಂದ ಕೊನೆಯ ಸಲ ಹೊರಟ ಮೇಲೆ ಕೊಟ್ಟಿದ್ದಾದರೆ ಸಾಕು. ಊರಿಗೆ ಬಂದ ಹೊಸದರಲ್ಲೇ ತರಿಸಿಟ್ಟಿದ್ದರೆ, ಮತ್ತೆ ಆ ದೇಶಕ್ಕೆ ಹೋಗಿರದಿದ್ದರೆ, ಅದೇ ನಡೆಯುತ್ತದೆ.

ಈಗ ಮನೆಯಲ್ಲಿ ಹುಡುಕುವ ಕೆಲಸ. ಹಳೆಯ ಪಾಸ್‌ಪೋರ್ಟ್ ತೆಗೆಯಿರಿ. ರಿನ್ಯೂ ಮಾಡಿಸಿದಾಗ ಮೂಲೆ ಕತ್ತರಿಸಿ ವಾಪಸ್ ಕೊಟ್ಟಿರುತ್ತಾರಲ್ಲ, ಅದೇ. ಆ ದೇಶದ ದಫ್ತರದಲ್ಲಿ ನೀವು ಇರುವುದು ಆ ಹಳೆಯ ನಂಬರಿನ ಮೇಲೆ, ಈಗಿನದರ ಮೇಲಲ್ಲ. ವೀಸಾ ಪುಟ, ಒಳಗೆ ಹೋದ ಮತ್ತು ಹೊರಗೆ ಬಂದ ಮುದ್ರೆಗಳು, ಎಲ್ಲವನ್ನೂ ಸ್ಕ್ಯಾನ್ ಮಾಡಿ. ಅಲ್ಲಿನ ಗುರುತಿನ ನಂಬರ್ ಕೂಡ ಬೇಕು. ಎಮಿರೇಟ್ಸ್ ಐಡಿ 784ರಿಂದ ಶುರುವಾಗುವ 15 ಅಂಕಿಯದು, ಸೌದಿಯ ಇಕಾಮಾ 10 ಅಂಕಿ, ಕತಾರ್ ಐಡಿ 11, ಕುವೈತ್ ಸಿವಿಲ್ ಐಡಿ 12. ಕಾರ್ಡು ವಾಪಸ್ ಕೊಟ್ಟು ಬಂದಿದ್ದರೂ ಹಳೆಯ ಸಂಬಳದ ಚೀಟಿ, ಬ್ಯಾಂಕ್ ಕಾಗದ, ಇನ್ಶೂರೆನ್ಸ್ ಕಾರ್ಡು, ಫೋನಿನ ಹಳೆಯ ಫೋಟೋಗಳಲ್ಲಿ ನಂಬರ್ ಸಿಗುತ್ತದೆ.

ನಮ್ಮ ಭಾಗದವರಿಗೇ ಇರುವ ಒಂದು ತೊಡಕು ಊರಿನ ಹೆಸರು. ಬೆಳಗಾವಿ, ವಿಜಯಪುರ ಅಂತ ಅಧಿಕೃತವಾಗಿ ಆಗಿದ್ದು 2014ರ ನವೆಂಬರ್ 1ರಂದು. ಅದಕ್ಕೂ ಮುಂಚಿನ ಪಾಸ್‌ಪೋರ್ಟುಗಳಲ್ಲಿ ಬೆಳಗಾಂ, ಬಿಜಾಪುರ ಅಂತಲೇ ಇದೆ. ಬಾಗಲಕೋಟೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಆದ್ದರಿಂದ ಅದಕ್ಕೂ ಮೊದಲು ಜಮಖಂಡಿಯಲ್ಲಿ ಹುಟ್ಟಿದವರ ಕಾಗದದಲ್ಲಿ ಜಿಲ್ಲೆ ಬಿಜಾಪುರ ಅಂತ ಇರುತ್ತದೆ, ಆಧಾರ್‌ನಲ್ಲಿ ಬಾಗಲಕೋಟೆ ಅಂತ. ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ, ಅದು ಬೇರೆ. ವಿದೇಶದಲ್ಲಿ ಕೂತು ಫೈಲ್ ನೋಡುವವರಿಗೆ ಇದೆಲ್ಲಾ ಎಲ್ಲಿಂದ ಗೊತ್ತಾಗಬೇಕು? ಹುಟ್ಟೂರನ್ನು ನೀವು ಆ ದೇಶದಲ್ಲಿದ್ದಾಗ ಇದ್ದ ಪಾಸ್‌ಪೋರ್ಟಿನಲ್ಲಿ ಹೇಗಿತ್ತೋ ಅಕ್ಷರ ಬಿಡದೆ ಹಾಗೇ ಬರೆಯಿರಿ. ಹೊಸ ಪಾಸ್‌ಪೋರ್ಟಿನಲ್ಲಿ ಬೇರೆ ಇದ್ದರೆ, ಎರಡೂ ಒಂದೇ ಊರು ಅಂತ ಎರಡು ಸಾಲಿನ ಪತ್ರ ಜೊತೆಗಿಡಿ. ಅಡ್ಡಹೆಸರಿನ ಕಥೆಯೂ ಇದೇ. ಪಾಟೀಲ ಅನ್ನುವುದನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯುತ್ತಾರೆ, ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗವೇ ಖಾಲಿ, ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರು ಬದಲಾಗಿರುತ್ತದೆ. ಫಾರ್ಮಿನಲ್ಲಿ 'ಬೇರೆ ಹೆಸರುಗಳು' ಅಂತ ಕೇಳುವ ಜಾಗವನ್ನು ಯಾವತ್ತೂ ಖಾಲಿ ಬಿಡಬೇಡಿ.

ಇನ್ನು ಬೆರಳಚ್ಚು. ಅಮೆರಿಕ, ಕೆನಡಾ, ಸಿಂಗಪುರ, ಜಪಾನ್, ಗಲ್ಫ್‌ನ ಹೆಚ್ಚಿನ ದೇಶಗಳು ಇದನ್ನು ಕೇಳುತ್ತವೆ. ಅರ್ಜಿಗಳು ಹೆಚ್ಚಾಗಿ ವಾಪಸ್ ಬರುವುದೂ ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಬೆಳಗಾವಿ ನಗರದವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಹಳ್ಳಿ ಮತ್ತು ತಾಲೂಕಿನವರು ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ. ಬಾಗಲಕೋಟೆ, ವಿಜಯಪುರದವರಿಗೆ ಅಲ್ಲಿನ ಎಸ್‌ಪಿ ಕಚೇರಿ. ನೇರವಾಗಿ ಹತ್ತಿರದ ಠಾಣೆಗೆ ಹೋದರೆ, ಇದೇನಪ್ಪಾ ಯಾವ ಕೇಸು ಅಂತ ನೋಡುತ್ತಾರೆ, ಅವರ ತಪ್ಪಲ್ಲ, ದಿನಾ ಬರುವ ಕೆಲಸವಲ್ಲ ಇದು. ಕೇಳಿದ ದೇಶದ ಪತ್ರ ಅಥವಾ ಇಮೇಲಿನ ಪ್ರಿಂಟ್, ಪಾಸ್‌ಪೋರ್ಟ್ ಒರಿಜಿನಲ್ ಮತ್ತು ಜೆರಾಕ್ಸ್, ಫೋಟೋ, ಒಂದು ಬಿಳಿ ಹಾಳೆಯಲ್ಲಿ ಮನವಿ, ಇಷ್ಟು ಕೈಯಲ್ಲಿರಲಿ. "ಸಾಹೇಬ್ರ, ಇದು ಯಾವ ಕೇಸಿಂದೂ ಅಲ್ರಿ, ವೀಸಾ ಸಲುವಾಗಿ ಕೇಳ್ಯಾರ, ಇಲ್ಲಿ ನೋಡ್ರಿ ಪತ್ರ" ಅಂತ ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು. ಮನೆಯ ಹೆಣ್ಣುಮಕ್ಕಳು, ವಯಸ್ಸಾದವರು ಬೆರಳಚ್ಚು ಅಂದಕೂಡಲೇ ಮುಜುಗರ ಪಡುತ್ತಾರೆ. ಇದರಲ್ಲಿ ಅವಮಾನದ್ದು ಏನೂ ಇಲ್ಲ ಅಂತ ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಿ.

ಬೆರಳಚ್ಚು ಒತ್ತುವ ಕಾರ್ಡಿನಲ್ಲಿ ಹತ್ತು ಬೆರಳಿಗೆ ಹತ್ತು ಚೌಕ ಇರುತ್ತವೆ, ಕೆಳಗೆ ನಾಲ್ಕು ನಾಲ್ಕು ಬೆರಳನ್ನು ಒಟ್ಟಿಗೆ ಒತ್ತುವ ಜಾಗ. ಮೇಲಿನ ಹತ್ತರಲ್ಲಿ ಸುಮ್ನೆ ಒತ್ತಿದರೆ ಆಗುವುದಿಲ್ಲ, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಲ ಉರುಳಿಸಬೇಕು. ಹೆಬ್ಬೆರಳನ್ನು ನಿಮ್ಮ ಮೈಯ ಕಡೆಗೆ, ಉಳಿದ ಬೆರಳುಗಳನ್ನು ಮೈಯಿಂದ ಆಚೆಗೆ. ನೀವು ಬಲ ಹಾಕಬೇಡಿ, ಕೈ ಸಡಿಲ ಬಿಡಿ, ಅವರೇ ಉರುಳಿಸುತ್ತಾರೆ. ಬೇಕಾಗಿರುವುದು ಕಪ್ಪು ಪ್ರಿಂಟಿಂಗ್ ಶಾಯಿ, ರಬ್ಬರ್ ಸ್ಟ್ಯಾಂಪಿನ ನೇರಳೆ ಪ್ಯಾಡಲ್ಲ. ಶಾಯಿ ಜಾಸ್ತಿಯಾದರೆ ಗೆರೆಗಳ ನಡುವಿನ ಸಂದು ತುಂಬಿ ಬರೀ ಕಪ್ಪು ಚುಕ್ಕೆ ಕಾಣುತ್ತದೆ, ಕಡಿಮೆಯಾದರೆ ಮಧ್ಯದ ಸುಳಿ ಮಾಯ. ಹೊಲದ ಕೆಲಸ, ಗಾರೆ ಕೆಲಸ, ಕಲ್ಲಿನ ಕೆಲಸ ಮಾಡಿದವರ ಬೆರಳ ಗೆರೆ ಸವೆದಿರುತ್ತದೆ. ಅಂಥವರು ಒಂದು ವಾರ ಮೊದಲಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಲಿ, ಸಿಮೆಂಟು, ಸುಣ್ಣ, ಬಟ್ಟೆ ಸೋಡಾ ಮುಟ್ಟದಿರಲಿ. ಹೋಗುವ ದಿನ ಮಾತ್ರ ಎಣ್ಣೆ ಬೇಡ, ಕೈ ತೊಳೆದು ಪೂರ್ತಿ ಒರೆಸಿಕೊಂಡು ಹೋಗಿ. ಬೆರಳಿಗೆ ಗಾಯವಿದ್ದರೆ, ಬೆರಳೇ ಇಲ್ಲದಿದ್ದರೆ, ಆ ಚೌಕದಲ್ಲಿ ಕಾರಣ ಬರೆಸಿ, ಖಾಲಿ ಬಿಡಬೇಡಿ. ಎರಡು ಮೂರು ಪ್ರತಿ ಮಾಡಿಸಿಕೊಳ್ಳಿ. ಅಧಿಕಾರಿಯ ಸಹಿ, ಹೆಸರು, ಹುದ್ದೆ, ತಾರೀಖು, ಸೀಲು ಎಲ್ಲವೂ ಇವೆಯಾ ಅಂತ ಅಲ್ಲೇ ನಿಂತು ನೋಡಿಕೊಂಡು ಹೊರಡಿ.

ದೇಶಗಳ ವಿಷಯಕ್ಕೆ ಬರೋಣ. ಯುಎಇ ಮಟ್ಟಿಗೆ ಅಲ್ಲಿನ ಗೃಹ ಇಲಾಖೆಯ ಆ್ಯಪ್ ಅಥವಾ ದುಬೈ ಪೊಲೀಸರ ವೆಬ್‌ಸೈಟಿನಲ್ಲಿ ಅರ್ಜಿ. ಯುಎಇ ಪಾಸ್ (ಫೋನಿನಲ್ಲಿ ಲಾಗಿನ್ ಆಗುವ ಅಲ್ಲಿನ ಡಿಜಿಟಲ್ ಗುರುತು) ಇನ್ನೂ ನಡೆಯುತ್ತಿದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಇಲ್ಲಿ ತೆಗೆಸಿದ ಬೆರಳಚ್ಚಿಗೆ ನಮ್ಮ ವಿದೇಶಾಂಗ ಇಲಾಖೆಯ ದೃಢೀಕರಣ, ಆಮೇಲೆ ಯುಎಇ ರಾಯಭಾರ ಕಚೇರಿಯ ಮುದ್ರೆ ಬೇಕಾಗುತ್ತದೆ. ಒಂದೇ ಮುದ್ರೆಯ ಕಾಗದವನ್ನು ಬೇರೆ ದೇಶಗಳೂ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಯುಎಇ ಇಲ್ಲ, ಅದಕ್ಕೇ ಈ ಎರಡು ಹಂತ. ದೆಹಲಿಯಲ್ಲಿ ರಾಯಭಾರ ಕಚೇರಿ ಇದೆ, ಮುಂಬೈನಲ್ಲಿ ಕಾನ್ಸುಲೇಟ್ ಇದೆ. ಸೌದಿಯದು ಇವುಗಳಲ್ಲೆಲ್ಲಾ ಕಷ್ಟದ್ದು. ರಾಯಭಾರ ಕಚೇರಿ ಮೂಲಕ ಹೋಗಬೇಕು, ಅಲ್ಲಿ ನಿಮ್ಮ ಪರವಾಗಿ ಓಡಾಡಲು ಒಬ್ಬ ನಂಬಿಕಸ್ಥ ಇದ್ದರೆ ಒಳ್ಳೆಯದು. ಎಷ್ಟು ಪ್ರಯತ್ನಿಸಿದರೂ ಸಿಗದಿದ್ದರೆ ಕಳಿಸಿದ ಇಮೇಲು, ಕೊರಿಯರ್ ರಸೀದಿ, ಬಂದ ಉತ್ತರ ಎಲ್ಲವನ್ನೂ ಜೋಡಿಸಿ ವಿವರಣೆ ಪತ್ರದ ಜೊತೆ ಕೊಡಿ. ಕೆನಡಾದವರು ಅದನ್ನು ಪರಿಶೀಲಿಸುತ್ತಾರೆ.

ಇಂಗ್ಲೆಂಡ್‌ನದು ಸರಳ. ಆಕ್ರೋ ಅನ್ನುವ ಕಚೇರಿ ಆನ್‌ಲೈನಿನಲ್ಲೇ ಅರ್ಜಿ ತೆಗೆದುಕೊಳ್ಳುತ್ತದೆ, ಬೆರಳಚ್ಚು ಬೇಡ. 10 ವರ್ಷದ ವಿಳಾಸಗಳು ಬೇಕು. ಈಗಿನ ವಿಳಾಸಕ್ಕೆ ಪುರಾವೆ ಕೇಳಿದಾಗ ಹೆಸ್ಕಾಂ ಬಿಲ್ ಕೊಡಲು ಹೋಗಬೇಡಿ, ಅದು ಕನ್ನಡದಲ್ಲಿರುತ್ತದೆ, ಜೊತೆಗೆ ನಮ್ಮ ಎಷ್ಟೋ ಮನೆಗಳಲ್ಲಿ ಮೀಟರ್ ಇನ್ನೂ ಅಜ್ಜನ ಹೆಸರಲ್ಲೇ ಇದೆ. ನಿಮ್ಮ ಹೆಸರಿನ ಬ್ಯಾಂಕ್ ಸ್ಟೇಟ್‌ಮೆಂಟ್ ಇಂಗ್ಲಿಷಿನಲ್ಲಿ ತೆಗೆಸಿ. ಆಸ್ಟ್ರೇಲಿಯಾದ್ದೂ ಬೆರಳಚ್ಚಿಲ್ಲದೆ ಆಗುತ್ತದೆ, ಅಲ್ಲಿನ ಫೆಡರಲ್ ಪೊಲೀಸರ ವೆಬ್‌ಸೈಟಿನಲ್ಲಿ ವಲಸೆಗೆ ಅಂತ ಇರುವ ಕೋಡ್ 33 ಆರಿಸಿ.

ಅಮೆರಿಕದ್ದಕ್ಕೆ ಎಫ್‌ಬಿಐ. ಶುಲ್ಕ 18 ಡಾಲರ್. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಬಂದ ಇಮೇಲಿನ ಪ್ರಿಂಟ್ ಜೊತೆ ಬೆರಳಚ್ಚು ಕಾರ್ಡನ್ನು ವೆಸ್ಟ್ ವರ್ಜೀನಿಯಾಕ್ಕೆ ಅಂಚೆಯಲ್ಲಿ ಕಳಿಸಬೇಕು, ಉತ್ತರ ಇಮೇಲಿನಲ್ಲೇ ಬರುತ್ತದೆ. ಬೇಗ ಮಾಡಿಕೊಡುವ ಖಾಸಗಿ ಚಾನೆಲರ್‌ಗಳು ಇದ್ದಾರೆ, ಆದರೆ ಅವರು ಅಮೆರಿಕದ ನಾಗರಿಕರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಚ್‌-1ಬಿ ಕೆಲಸದ ವೀಸಾದಲ್ಲಿದ್ದು ಬಂದವರು ಅವರಿಗೆ ದುಡ್ಡು ಕೊಡಬೇಡಿ. ಜರ್ಮನಿಯದು 13 ಯೂರೋ, ಬಾನ್‌ನಲ್ಲಿರುವ ಫೆಡರಲ್ ನ್ಯಾಯ ಕಚೇರಿಗೆ ಅರ್ಜಿ, ಸಹಿಯನ್ನು ಜರ್ಮನ್ ಕಾನ್ಸುಲೇಟಿನಲ್ಲಿ ದೃಢೀಕರಿಸಿಕೊಳ್ಳಬೇಕು, ಬೆಂಗಳೂರಿನಲ್ಲೇ ಇದೆ. ಜಪಾನಿನ ಕಾನ್ಸುಲೇಟ್ ಕೂಡ ಬೆಂಗಳೂರಿನಲ್ಲಿದೆ. ಜಪಾನಿನವರು ಮುಚ್ಚಿದ ಲಕೋಟೆ ಕೊಡುತ್ತಾರೆ, ಒಳಗೇನಿದೆ ಅಂತ ಒಡೆದು ನೋಡಬೇಡಿ, ಒಡೆದರೆ ಅದು ನಡೆಯುವುದಿಲ್ಲ.

ದುಡ್ಡು ಕಟ್ಟುವಾಗ ಕಾರ್ಡ್ ಫೇಲ್ ಆದರೆ ವೆಬ್‌ಸೈಟನ್ನು ಬೈಯಬೇಡಿ. 2020ರಿಂದ ನಮ್ಮ ಬ್ಯಾಂಕ್ ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಂದ್ ಆಗಿಯೇ ಬರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲೂ ಮಾಡಿಕೊಳ್ಳಬೇಕು.

ಏಜೆಂಟರ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದೃಢೀಕರಣಕ್ಕೆ ದೆಹಲಿ, ಮುಂಬೈ ಓಡಾಡುವ ಬದಲು ಅವರಿಗೆ ಕೊಡುವುದು ತಪ್ಪಲ್ಲ, ರಸೀದಿ ಇರಲಿ, ಒರಿಜಿನಲ್ ಪಾಸ್‌ಪೋರ್ಟ್ ಕೊಡುವುದು ಬೇಡ. ಆದರೆ ಬೆರಳಚ್ಚು ಕೇಳುವ ದೇಶಕ್ಕೂ 'ಬೆರಳಚ್ಚು ಏನೂ ಬೇಡ ಅಣ್ಣಾ, ಸರ್ಟಿಫಿಕೇಟ್ ವಾರದಲ್ಲಿ ಕೈಗೆ ಕೊಡ್ತೀವಿ' ಅಂದರೆ ಅಲ್ಲಿಂದ ಎದ್ದು ಬನ್ನಿ. ನಕಲಿ ಕಾಗದ ಸಿಕ್ಕಿಬಿದ್ದರೆ ಕೆನಡಾ 5 ವರ್ಷ ಒಳಗೇ ಬಿಡುವುದಿಲ್ಲ. ಏಜೆಂಟನಿಗೆ ಏನೂ ಆಗುವುದಿಲ್ಲ, ಹೋಗುವುದು ನಿಮ್ಮ ವರ್ಷಗಳು.

ಸರ್ಟಿಫಿಕೇಟ್ ಬಂದ ದಿನವೇ ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರ್ ಒಂದೊಂದೇ ಹೋಲಿಸಿ. ಅರಬ್ಬಿಯಲ್ಲಿ ಬಂದಿದ್ದರೆ ಪ್ರಮಾಣಿತ ಅನುವಾದ ಮಾಡಿಸಿ, ಮೂಲದ ಜೊತೆಗೇ ಕೊಡಿ. ಬಣ್ಣದ ಸ್ಕ್ಯಾನ್ ಎರಡು ಕಡೆ ಇಟ್ಟುಕೊಳ್ಳಿ. ನಿಮ್ಮ ತಮ್ಮನೋ, ಅಳಿಯನೋ ಇನ್ನೂ ಅಲ್ಲೇ ಇದ್ದು ಸದ್ಯದಲ್ಲೇ ಕೆಲಸ ಬಿಟ್ಟು ಬರುವವರಿದ್ದರೆ ಇವತ್ತೇ ಫೋನ್ ಮಾಡಿ. ವೀಸಾ ರದ್ದಾಗುವ ಮೊದಲು, ಐಡಿ ಇನ್ನೂ ಕೈಯಲ್ಲಿರುವಾಗ, ಸರ್ಟಿಫಿಕೇಟ್‌ಗೆ ಅರ್ಜಿ ಹಾಕು ಅಂತ ಹೇಳಿ.