ಮಳೆಗಾಲದ ಚೀಲ: ಏನು ತುಂಬಿದೆ, ಏನು ತೆಗೆದೆ

ಆನ್‌ಲೈನ್‌ನಲ್ಲಿ ‘ಸರ್ವೈವಲ್ ಕಿಟ್’ ಅಂತ ಹುಡುಕಿ ನೋಡಿ. ಗಾಳದ ಕೊಕ್ಕೆ, ತಂತಿಯ ಗರಗಸ, ದಿಕ್ಸೂಚಿ, ಕಿಡಿ ಹಾರಿಸುವ ಕಡ್ಡಿ, ಹಾವಿನ ವಿಷ ಹೀರುವ ಪಂಪು ಇದ್ದೇ ಇರುತ್ತವೆ. ಬೆಂಗಳೂರಿನ ನಮ್ಮ ಭಾವ ಪ್ರೀತಿಯಿಂದ ಅಂಥದ್ದೊಂದು ಡಬ್ಬಿ ಕಳಿಸಿದ್ದರು. ಅದರಿಂದ ಸೀಟಿಯೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಅಟ್ಟಕ್ಕೆ ಹಾಕಿದೆ. ಕೊಡಗಿನ ಆಗಸ್ಟ್ ತಿಂಗಳಲ್ಲಿ ಕಡ್ಡಿಯಿಂದ ಕಿಡಿ ಹಾರಿಸಿ ಯಾವ ಸೌದೆಗೆ ಬೆಂಕಿ ಹಚ್ಚುತ್ತೀರಿ? ಹೊಳೆ ಕೆಂಪಗೆ ತುಂಬಿ ಹರಿಯುವಾಗ ಗಾಳ ಎಲ್ಲಿ ಹಾಕುತ್ತೀರಿ? ಹಾವು ಕಚ್ಚಿದರೆ ಕೊಯ್ಯುವುದೂ ಬೇಡ, ಹೀರುವುದೂ ಬೇಡ, ಬಿಗಿಯಾಗಿ ಕಟ್ಟುವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಪಂಪು ಇದ್ದರೆ ಅದರಲ್ಲೇ ಹೊತ್ತು ಕಳೆಯುತ್ತದೆ.

ಆ ಡಬ್ಬಿಗಳನ್ನು ಕಾಡಿನಲ್ಲಿ ಒಬ್ಬನೇ ದಾರಿ ತಪ್ಪಿದವನಿಗಾಗಿ ಮಾಡಿರುತ್ತಾರೆ. ನಮ್ಮ ಕಷ್ಟವೇ ಬೇರೆ. ನಮ್ಮ ಮನೆ ಮಡಿಕೇರಿಯಿಂದ ಮಾದಾಪುರಕ್ಕೆ ಹೋಗುವ ರಸ್ತೆಯ ಕಡೆ, ಇಳಿಜಾರಿನಲ್ಲಿದೆ. ಮೇಲೆ ತೋಟ, ಕೆಳಗೆ ತೋಡು, ಅಂದರೆ ಸಣ್ಣ ಹಳ್ಳ. 2018ರ ಆಗಸ್ಟ್ 16, 17ರ ಮಳೆಗೆ ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಆ ಕಡೆ ಮದೆನಾಡು, ಜೋಡುಪಾಲದವರೆಗೂ ಬೆಟ್ಟಗಳು ಜಾರಿದವು. ಮಡಿಕೇರಿ–ಸಂಪಾಜೆ ಹೆದ್ದಾರಿ ವಾರಗಟ್ಟಲೆ ಬಂದ್ ಆಯಿತು. ಮುಂದಿನ ವರ್ಷ ಆಗಸ್ಟ್‌ನಲ್ಲೇ ವಿರಾಜಪೇಟೆ ಕಡೆಯ ತೋರದಲ್ಲಿ ಬೆಟ್ಟ ಕುಸಿಯಿತು. ಕರಡಿಗೋಡು, ನೆಲ್ಯಹುದಿಕೇರಿಯ ನದಿ ದಂಡೆಯ ಮನೆಗಳಿಗೆ ಕಾವೇರಿ ನುಗ್ಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯೇ ಹೋಯಿತು. ಮೂರೂ ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಅಥವಾ ಅದು ಮುಗಿಯುವ ಹೊತ್ತಿಗೆ ಆದದ್ದು.

ಇವನ್ನೆಲ್ಲ ನೋಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಇಲ್ಲಿ ಮೂರು ಬಗೆಯ ಆಪತ್ತಿದೆ, ಮೂರಕ್ಕೂ ಒಂದೇ ಚೀಲ ಸಾಲದು. ಒಂದು, ಬರೆ (ರಸ್ತೆ, ಮನೆ ಪಕ್ಕದ ಕಡಿದಾದ ಮಣ್ಣಿನ ದಿಣ್ಣೆ) ಜರಿದು ರಸ್ತೆ ಮುಚ್ಚಿ, ಮರ ಬಿದ್ದು ಕರೆಂಟ್ ಹೋಗಿ, ಮನೆಯಲ್ಲೇ ದಿನಗಟ್ಟಲೆ ಕೂರಬೇಕಾಗುವುದು. ಇದು ಹೆಚ್ಚು ಕಡಿಮೆ ಪ್ರತಿ ವರ್ಷ ಇದ್ದದ್ದೇ. ಎರಡು, ಮನೆ ಹಿಂದಿನ ಬರೆಯಲ್ಲಿ ಸದ್ದು ಕೇಳಿ ಆ ಕ್ಷಣ ಎದ್ದು ಹೋಗುವುದು. ಮೂರು, ಹೋದ ಮೇಲೆ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ನೂರಾರು ಜನರ ನಡುವೆ ಚಾಪೆ ಹಾಸಿಕೊಂಡು ಇರುವುದು. ಆನ್‌ಲೈನ್ ಡಬ್ಬಿಗಳು ಮೂರನೆಯದರ ಬಗ್ಗೆ ಯೋಚಿಸಿಯೇ ಇರುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡಿದೆ.

ಪರಿಹಾರ ಕೇಂದ್ರಕ್ಕೆ ಅಕ್ಕಿ, ಬಿಸ್ಕತ್ತು, ಕಂಬಳಿ ಬರುತ್ತವೆ. 2018ರಲ್ಲಿ ರಾಶಿ ರಾಶಿ ಬಂದವು. ಬಾರದಿರುವುದು ನಮ್ಮ ಅಮ್ಮನ ಬಿಪಿ ಮಾತ್ರೆ, ಅವರ ಹಳೇ ಕನ್ನಡಕ, ಅಳತೆಗೆ ಸರಿಯಾದ ಒಳಉಡುಪು, ಪ್ಯಾಡ್, ಕಾಲಿಗೆ ಚಪ್ಪಲಿ. ಹಾಗಾಗಿ ಓಡುವ ಚೀಲಕ್ಕೆ ಮೊದಲು ಹೋದದ್ದು ಇವೇ. ಮಾತ್ರೆಯನ್ನು ಬಾಟಲಿಯಲ್ಲಿ ಅಲ್ಲ, ಸ್ಟ್ರಿಪ್‌ನಲ್ಲೇ ಇಡಬೇಕು. ಬಾಟಲಿ ಒಮ್ಮೆ ತೆರೆದರೆ ನಮ್ಮ ಹವೆಗೆ ಮಾತ್ರೆ ಬೆವರುತ್ತದೆ. ಎರಡು ವಾರಕ್ಕಾಗುವಷ್ಟು ಇಡುತ್ತೇವೆ. ಹೊಸದು ತಂದಾಗ ಅದು ಚೀಲಕ್ಕೆ, ಚೀಲದ್ದು ದಿನದ ಬಳಕೆಗೆ. ವೈದ್ಯರ ಚೀಟಿಯ ಜೆರಾಕ್ಸ್ ಜೊತೆಗೇ ಇರುತ್ತದೆ.

ಕಾಗದಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಪಹಣಿ, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಗಳ ಅಂಕಪಟ್ಟಿ ಇವೆಲ್ಲದರ ನಕಲು ಚೀಲದಲ್ಲಿದೆ. ಹಳೆಯ ಮೂಲಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ. ಆಮೇಲೆ ಮುದ್ರೆ, ಸಹಿ ಪರಿಶೀಲಿಸುವವರಿಗೆ ತೊಂದರೆ, ಒಳಗೆ ತೇವ ಸೇರಿದ್ದರೆ ಹೊರಬರುವ ದಾರಿಯೂ ಇಲ್ಲ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟು, ಅದನ್ನು ಇನ್ನೊಂದು ಕವರ್‌ನೊಳಗೆ ಬಾಯಿ ಕೆಳಗಾಗಿ ಹಾಕಿದರೆ ಸಾಕು. ಡಿಜಿಲಾಕರ್‌ನಲ್ಲೂ ಇದೆ, ಆದರೆ ಟವರ್ ಸತ್ತಾಗ ಡಿಜಿಲಾಕರ್ ತೆರೆಯುವುದಿಲ್ಲ; ಅದಕ್ಕೇ ಫೋನ್ ಗ್ಯಾಲರಿಯಲ್ಲಿ ಒಂದೊಂದು ಫೋಟೋ. ನಮ್ಮ ಹಾಗೆ ಜಮ್ಮಾ ಹಿಡುವಳಿಯ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಭೂಮಿ) ಮನೆಯವರು ಕೋವಿಯ ಲೈಸೆನ್ಸ್ ವಿನಾಯಿತಿ ಪತ್ರವನ್ನೂ ಇದರ ಜೊತೆ ಇಟ್ಟುಕೊಳ್ಳಿ. ಮನೆ ಬಿಟ್ಟು ಹೋಗುವಾಗ ಕೋವಿ ಏನು ಮಾಡುವುದು ಅಂತ ಮೊದಲೇ ಯೋಚಿಸಿರುವವರು ಕಡಿಮೆ.

ನಗದು ಸಣ್ಣ ನೋಟುಗಳಲ್ಲಿ. ಕರೆಂಟ್ ಇಲ್ಲದಾಗ ಎಟಿಎಂ ಇಲ್ಲ, ಗೂಗಲ್ ಪೇ ಇಲ್ಲ, ಅಂಗಡಿಯವರ ಬಳಿ ಐನೂರಕ್ಕೆ ಚಿಲ್ಲರೆಯೂ ಇಲ್ಲ.

ಇನ್ನು ಬೆಳಕು. ನಾನು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ಕೈಯಲ್ಲಿ ಹಿಡಿಯುವ ಟಾರ್ಚ್‌ಗಿಂತ ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಮೇಲು. ಕತ್ತಲಲ್ಲಿ ಕೆಸರಿನ ಇಳಿಜಾರು ಹತ್ತುವಾಗ ಒಂದು ಕೈ ಅಮ್ಮನಿಗೆ ಬೇಕು, ಇನ್ನೊಂದು ಕೈ ಕಾಫಿ ಗಿಡ ಹಿಡಿಯಲು ಬೇಕು. ಸಾವಿರ, ಎರಡು ಸಾವಿರ ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದದ್ದಕ್ಕೆ ಮರುಳಾಗಬೇಡಿ. ಇನ್ನೂರು ಲ್ಯೂಮೆನ್ ಧಾರಾಳ. ಮಂಜು ಕವಿದಾಗ ಬೆಳಕು ಹೆಚ್ಚಾದಷ್ಟೂ ಕಣ್ಣಿಗೇ ಹೊಡೆಯುತ್ತದೆ. ಅದಕ್ಕಿಂತ ಮುಖ್ಯ, ಅತಿ ಕಡಿಮೆ ಬೆಳಕಿನಲ್ಲಿ ಎಷ್ಟು ಗಂಟೆ ಉರಿಯುತ್ತದೆ ಎನ್ನುವುದು. ನೀರಿನ ವಿಷಯದಲ್ಲಿ ಡಬ್ಬಿಯ ಮೇಲಿನ ಅಂಕಿ ಓದಿ: ಐಪಿಎಕ್ಸ್ 4 ಅಂದರೆ ಎರಚಿದ ನೀರು ತಡೆಯುತ್ತದೆ, ಅಷ್ಟೇ, ಐಪಿಎಕ್ಸ್ 7 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ನಡೆಯುತ್ತದೆ. ನಾನು ತಂದದ್ದನ್ನು ಉರಿಸಿಯೇ ಬಚ್ಚಲುಮನೆಯ ಬಕೆಟ್‌ಗೆ ಹಾಕಿ, ಸ್ನಾನ ಮುಗಿಸಿ ಬಂದು ನೋಡಿದೆ. ಅಗ್ಗದ್ದು ಅಲ್ಲೇ ಕಣ್ಣು ಮುಚ್ಚಿತು. ಅದನ್ನು ಕೋಳಿಗೂಡಿನ ಹತ್ತಿರ ನೇತು ಹಾಕಿದ್ದೇನೆ.

ರೀಚಾರ್ಜ್ ಆಗುವ ಟಾರ್ಚ್ ದಿನದ ಬಳಕೆಗೆ ಸರಿ. ಆಪತ್ತಿನ ಚೀಲದಲ್ಲಿ ಸೆಲ್ ಹಾಕುವಂಥದ್ದೇ ಇರಲಿ. ಟಾರ್ಚ್‌ಗೂ ರೇಡಿಯೋಗೂ ಒಂದೇ ಅಳತೆಯ ಸೆಲ್ ಬರುವ ಹಾಗೆ ಆರಿಸಿದ್ದೇನೆ, ಒಂದರದ್ದು ತೆಗೆದು ಇನ್ನೊಂದಕ್ಕೆ ಹಾಕಬಹುದು. ಸೆಲ್‌ಗಳು ಹೊರಗೆ, ಅವುಗಳ ಪೊಟ್ಟಣದಲ್ಲೇ ಇರಬೇಕು. ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.

ಸೋಲಾರ್ ಚಾರ್ಜರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಕ್ಕಡದಲ್ಲಿ ಬಿಸಿಲು ಕಂಡವರು ನನಗೂ ತೋರಿಸಿ. ಪವರ್ ಬ್ಯಾಂಕ್ ಬೆನ್ನಿಗೆ ಅಂಟಿಸಿರುವ ಅಂಗೈ ಅಗಲದ ಫಲಕ ಬಯಲುಸೀಮೆಯ ಬಿಸಿಲಲ್ಲೇ ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಕೈಯಲ್ಲಿ ತಿರುಗಿಸುವ ರೇಡಿಯೋವನ್ನೂ ನೋಡಿದೆ, ಹಿಡಿಕೆಯ ಪ್ಲಾಸ್ಟಿಕ್ ನೋಡಿಯೇ ಬೇಡ ಅನ್ನಿಸಿತು. ಸಾದಾ ಪವರ್ ಬ್ಯಾಂಕ್ ಒಳ್ಳೆಯದು, ಆದರೆ ಅದರ ಲೆಕ್ಕ ಗೊತ್ತಿರಲಿ. 10,000 ಎಂಎಎಚ್ ಅಂತ ಬರೆದದ್ದು ಒಳಗಿನ ಸೆಲ್‌ನ 3.7 ವೋಲ್ಟ್‌ನ ಲೆಕ್ಕ. ಅದನ್ನು 5 ವೋಲ್ಟ್‌ಗೆ ಏರಿಸಿ, ನಡುವೆ ಸೋರಿದ್ದನ್ನು ಕಳೆದರೆ ಕೈಗೆ ಬರುವುದು ಆರು ಸಾವಿರದ ಆಸುಪಾಸು. ಈಗಿನ ದೊಡ್ಡ ಬ್ಯಾಟರಿಯ ಫೋನ್ ಒಂದೂವರೆ ಸಲ ತುಂಬೀತು. ನಮ್ಮದು 20,000ದ್ದು. ಜೀಪಿನ 12 ವೋಲ್ಟ್ ಸಾಕೆಟ್‌ಗೆ ಹಾಕುವ ಸಣ್ಣ ಚಾರ್ಜರ್ ಇದೆಯಲ್ಲ, ಅದು ಈ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ವಸ್ತು. ಜೊತೆಗೆ ಬಟನ್ ಇರುವ ಹಳೇ ಮಾದರಿಯ ಫೋನ್ ಒಂದು. ಅದು ಚಾರ್ಜ್ ಇಲ್ಲದೆ ದಿನಗಟ್ಟಲೆ ಬದುಕುತ್ತದೆ. ಕರೆ ಹೋಗದಿದ್ದಾಗಲೂ ಎಸ್‌ಎಂಎಸ್ ನುಸುಳಿಕೊಂಡು ಹೋಗುತ್ತದೆ. 112 ಮತ್ತು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಎರಡನ್ನೂ ಅದರ ಹಿಂಬದಿಗೆ ಅಂಟಿಸಿದ್ದೇನೆ. ನೆಟ್‌ವರ್ಕ್ ಪೂರ್ತಿ ಹೋದಾಗ ಮಡಿಕೇರಿ ಆಕಾಶವಾಣಿ ಇದೆ, ಎಫ್‌ಎಂ 103.1.

ಸೀಟಿಯ ಬಗ್ಗೆ ಹೇಳಿದೆನಲ್ಲ. ಒಳಗೆ ಗುಂಡು ಇಲ್ಲದ್ದನ್ನು ಆರಿಸಿ. ಗುಂಡು ಇರುವುದು ಕೆಸರು ಹೊಕ್ಕರೆ ಸಿಕ್ಕಿಕೊಳ್ಳುತ್ತದೆ. ಮಳೆಯ ಸದ್ದಿನಲ್ಲಿ ಕೂಗಿದ್ದು ಪಕ್ಕದ ತೋಟಕ್ಕೂ ಕೇಳಿಸದು, ಗಂಟಲೂ ಬೇಗ ಕಟ್ಟುತ್ತದೆ. ಮೂರು ಸಲ ಊದಿ, ನಿಲ್ಲಿಸಿ, ಮತ್ತೆ ಮೂರು ಸಲ. ನಮ್ಮ ಸುತ್ತಿನ ಮನೆಗಳವರೆಲ್ಲ ಮಾತಾಡಿಕೊಂಡು ಇದನ್ನೇ ಗುರುತು ಮಾಡಿಕೊಂಡಿದ್ದೇವೆ. ಮಕ್ಕಳ ಕೈಗೆ ಸಿಗದಂತೆ ಇಡುವುದೇ ಕಷ್ಟ.

ಚಾಕು ಕೊಳ್ಳಲಿಲ್ಲ. ತೋಟದ ಕತ್ತಿ ಇರುವಾಗ ಹಿಡಿಕೆಯೊಳಗೆ ದಿಕ್ಸೂಚಿ ಇರುವ ಚಾಕು ಯಾಕೆ? ರಸ್ತೆಗೆ ಬಿದ್ದ ಸಿಲ್ವರ್ ಓಕ್‌ನ ಕೊಂಬೆ ಕಡಿಯುವುದು ಕತ್ತಿಯೇ.

ಹಗ್ಗ 10 ಮಿಲಿಮೀಟರ್‌ದು, ಪಾಲಿಪ್ರೊಪಿಲೀನ್, ಹದಿನೈದು ಮೀಟರ್. ನೈಲಾನ್ ಗಟ್ಟಿ, ಆದರೆ ನೀರು ಕುಡಿಯುತ್ತದೆ, ಒದ್ದೆಯಾದರೆ ಜಗ್ಗುತ್ತದೆ, ಇದು ತೇಲುತ್ತದೆ. ದನ ಬಿಚ್ಚಿ ಕಟ್ಟಲು, ಟಾರ್ಪಾಲ್ ಎಳೆಯಲು, ಜಾರುವ ಕಡೆ ಮರದಿಂದ ಮರಕ್ಕೆ ಕಟ್ಟಿ ಕೈಗೆ ಆಸರೆ ಮಾಡಲು ಇದನ್ನು ಬಳಸಬಹುದು. ತುಂಬಿದ ತೋಡು ದಾಟುವವನ ಸೊಂಟಕ್ಕೆ ಮಾತ್ರ ಕಟ್ಟಬಾರದು. ಕಾಲು ಜಾರಿದರೆ ದಂಡೆಯವರು ಎಳೆದು ಹಿಡಿದಷ್ಟೂ ನೀರಿನ ರಭಸ ಅವನನ್ನು ಕೆಳಕ್ಕೆ ಒತ್ತುತ್ತದೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ದಾಟುವ ಧೈರ್ಯವನ್ನು ಹೊಗಳುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಟಾರ್ಪಾಲ್ ಕೊಳ್ಳುವಾಗ ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅಂತ ಕೇಳಿ. ತೆಳ್ಳನೆಯ ನೀಲಿಯದು ಆಗಸ್ಟ್ ಗಾಳಿಗೆ ಹಗ್ಗ ಕಟ್ಟುವ ತೂತಿನ ಹತ್ತಿರವೇ ಹರಿಯುತ್ತದೆ. ಕಾಫಿ ಒಣಗಿಸಲು ತರುವ 200 ಜಿಎಸ್‌ಎಂನದು ತಡೆಯುತ್ತದೆ. ಬಿರುಕು ಬಿಟ್ಟ ಬರೆಯೊಳಗೆ ನೀರು ಇಳಿಯದಂತೆ ಹೊದಿಸುವುದಕ್ಕೂ ಅದೇ. ಆದರೆ ಹೊದಿಸಿದ್ದೇವೆ ಅಂತ ಅದರ ಕೆಳಗೆ ಮಲಗುವಂತಿಲ್ಲ. ನೆಲದಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ, ಇದ್ದಕ್ಕಿದ್ದ ಹಾಗೆ ಕೆಸರಾದ ಅಥವಾ ಬತ್ತಿದ ತೋಡು, ಎಂದೂ ಇಲ್ಲದ ಕಡೆ ಒಸರುವ ನೀರು ಕಂಡರೆ ಚೀಲ ಎತ್ತಬೇಕು.

ಅದಕ್ಕೇ ಚೀಲದ ತೂಕಕ್ಕೆ ಮಿತಿ ಹಾಕಿದ್ದು. ನನ್ನ ಹೆಂಡತಿ ಒಂದೇ ಕೈಯಲ್ಲಿ ಎತ್ತಿ ಬಾಗಿಲು ದಾಟುವಷ್ಟು ಇರಬೇಕು, ಎಂಟು ಕಿಲೋ. ನಾನು ತೋಟದಲ್ಲಿದ್ದಾಗ ಎತ್ತಬೇಕಾದವಳು ಅವಳೇ. ಇದರಿಂದ ಬಹಳಷ್ಟು ವಾದ ತಾನಾಗಿ ಮುಗಿಯಿತು. ಚೀಲ ಇರುವುದು ಅಂಗಳದ ಕಡೆಯ ಬಾಗಿಲ ಪಕ್ಕ, ಬರೆಯ ಕಡೆಯ ಕೋಣೆಯಲ್ಲಿ ಅಲ್ಲ.

ಮನೆಯಲ್ಲೇ ಕೂರುವ ದಿನಗಳಿಗೆ ಬೇರೆ ಡಬ್ಬ. ಪೇಂಟ್ ಬರುವ 20 ಲೀಟರಿನ ಬಕೆಟ್ ತೊಳೆದು ಒಣಗಿಸಿದರೆ ಅದರಷ್ಟು ಒಳ್ಳೆಯ ಪೆಟ್ಟಿಗೆ ಬೇರೆ ಇಲ್ಲ. ತೇವ ಹೋಗದು, ಇಲಿಯೂ ಹೋಗದು. ಊಟದ ಸಾಮಾನು ಮಾತ್ರ ಅದರೊಳಗೆ ಪೊಟ್ಟಣ ಕಟ್ಟಿಯೇ ಇಡುತ್ತೇವೆ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಕಡಲೆಕಾಯಿ ಚಿಕ್ಕಿ: ಒಲೆ ಹಚ್ಚದೆ ತಿನ್ನುವಂಥವು. ವಿದೇಶಿ ಎನರ್ಜಿ ಬಾರ್‌ಗೆ ಕೊಡುವ ದುಡ್ಡಿಗೆ ಶುಕ್ರವಾರದ ಸಂತೆಯಲ್ಲಿ ಒಂದು ವಾರದ್ದು ಬರುತ್ತದೆ.

ಇಷ್ಟು ಮಳೆ ಬೀಳುವ ಊರಲ್ಲಿ ಕುಡಿಯುವ ನೀರಿಗೆ ಕಷ್ಟ ಅಂದರೆ ಹೊರಗಿನವರು ನಗುತ್ತಾರೆ. ಕರೆಂಟ್ ಇಲ್ಲದೆ ಮೋಟಾರ್ ಇಲ್ಲ, ತೋಡಿನ ಪೈಪು ಕೊಚ್ಚಿ ಹೋಗಿರುತ್ತದೆ, ಬಾವಿ ರಾಡಿ. ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಮುಚ್ಚಳದ ಕ್ಯಾನ್‌ಗಳಲ್ಲಿ ತುಂಬಿಡುತ್ತೇವೆ. ಅದು ಮುಗಿದರೆ ಮಾಡಿನಿಂದ ಇಳಿಯುವ ಮಳೆನೀರು: ಪಟಿಕ ಆಡಿಸಿ ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಕುದಿಸುವುದು. ಕ್ಲೋರಿನ್ ಮಾತ್ರೆ ಇದೆ, ಆದರೆ ರಾಡಿ ನೀರಿಗೆ ಹಾಕಿದರೆ ಅದರ ಶಕ್ತಿಯೆಲ್ಲ ಮಣ್ಣಿಗೇ ಹೋಗುತ್ತದೆ. ಸ್ಟ್ರಾ ಹಾಗೆ ಹೀರುವ ಫಿಲ್ಟರ್ ಒಬ್ಬನಿಗೆ ಚೆಂದ. ಮನೆಮಂದಿಗೆ ಅಡುಗೆ ಆಗಬೇಕಲ್ಲ. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬೆಚ್ಚಗಿರಲು ಬೆಳ್ಳಿ ಹಾಳೆಯಂಥ ಹೊದಿಕೆ ಎರಡು ಇವೆ, ತೂಕವಿಲ್ಲ ಅಂತ ಇಟ್ಟಿದ್ದೇನೆ. ನಂಬಿಕೆ ಇರುವುದು ಉಣ್ಣೆಯ ಮೇಲೆ. ಒದ್ದೆಯಾದ ಹತ್ತಿ ಮೈಯ ಶಾಖ ಎಳೆಯುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಉಳಿಸಿಕೊಡುತ್ತದೆ. ಮಳೆಗೆ ಕೋಟು-ಪ್ಯಾಂಟಿನ ಜೋಡಿ ಬೇಕು. ಪೊಂಚೊ ಕಾಫಿ ಗಿಡಕ್ಕೆ ಸಿಕ್ಕಿ ನಡೆಯಲು ಬಿಡುವುದಿಲ್ಲ, ಕೊಡೆಯಂತೂ ಬರೀ ಅಭ್ಯಾಸಬಲ. ಗಂಬೂಟ್ ಅಂಗಳಕ್ಕೆ ಸರಿ. ಓಡುವಾಗ ಅದರೊಳಗೆ ನೀರು ತುಂಬಿದರೆ ಕಾಲೇ ಎತ್ತಲಾಗದು. ಹಿಂದೆ ಪಟ್ಟಿ ಇರುವ ರಬ್ಬರ್ ಅಡಿಯ ಸ್ಯಾಂಡಲ್ ಉತ್ತಮ. ಜಿಗಣೆ ಹತ್ತುತ್ತವೆ, ಹತ್ತಲಿ.

ಮೇ ತಿಂಗಳಲ್ಲಿ, ಸೌದೆ ಒಳಗೆ ಹಾಕುವ ಹೊತ್ತಿಗೆ, ಎಲ್ಲವನ್ನೂ ಅಂಗಳದ ಬಿಸಿಲಿಗೆ ಹರಡುತ್ತೇವೆ. ಬೂಷ್ಟು ಹಿಡಿದದ್ದು, ತಾರೀಖು ಮುಗಿದದ್ದು ಹೊರಗೆ. ಪವರ್ ಬ್ಯಾಂಕನ್ನು ವರ್ಷವಿಡೀ ಅರ್ಧ ಚಾರ್ಜ್‌ನಲ್ಲಿಟ್ಟು ಜೂನ್‌ನಲ್ಲಿ ಪೂರ್ತಿ ತುಂಬುತ್ತೇನೆ. ಜುಲೈ ಕೊನೆಗೆ ಇನ್ನೊಮ್ಮೆ ಕೈಯಾಡಿಸುವುದು.

ತೋಟದ ಕೆಲಸಗಾರರ ಲೈನ್ ಮನೆಗಳಿಗೂ ಒಂದೊಂದು ಬಕೆಟ್ ಮಾಡಿ ಕೊಟ್ಟಿದ್ದೇನೆ: ಟಾರ್ಚ್, ಸೀಟಿ, ಸೆಲ್, ಅವಲಕ್ಕಿ. ಅಸ್ಸಾಂ, ಜಾರ್ಖಂಡ್‌ನಿಂದ ಬಂದವರಿಗೆ ಇಲ್ಲಿಯ ಬರೆ ಹೇಗೆ ಜಾರುತ್ತದೆಂದು ಗೊತ್ತಿರುವುದಿಲ್ಲ, ಅವರ ಆಧಾರ್ ಕಾರ್ಡ್ ಮಾತ್ರ ಯಾವಾಗಲೂ ದಿಂಬಿನ ಕೆಳಗೇ ಇರುತ್ತದೆ. ಈ ವರ್ಷ ಜಿಪ್ ಕವರ್‌ಗಳನ್ನು ಅವರ ಲೆಕ್ಕವನ್ನೂ ಸೇರಿಸಿಯೇ ತಂದೆ. 1077 ಅಂತ ಬಕೆಟ್ಟಿನ ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಕನ್ನಡ ಓದಲು ಬಾರದವರಿಗೂ ಅಂಕಿ ಓದಲು ಬರುತ್ತದೆ.